ಜೇಬಿನಲ್ಲಿ ಕೈ, ಏರಿನಲ್ಲಿ ರೈಲು

ವಿಲ್ಫ್ ಆರ್ಮರಾಡ್ ಬಾಯಿ ಬಿಟ್ಟರೆ ರೈಲು ಬಿಟ್ಟು ಬೇರೆ ಮಾತಿಲ್ಲ. ಎಂಜಿನ್ ಒರೆಸುವ ಕೆಲಸದಿಂದ ಶುರು ಮಾಡಿ, ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿ, ತಲೆ ನೆರೆಯುವ ಹೊತ್ತಿಗೆ ಡ್ರೈವರ್ ಆದವನು. ದಟ್ಟ ಮಂಜಿನಲ್ಲಿ ಮೂಗಿನ ತುದಿ ಕಾಣದಿದ್ದರೂ ಸೇತುವೆಯ ಟೊಳ್ಳು ಸದ್ದು, ತೊಗಲು ಹದ ಮಾಡುವವರ ನಾತ ಹಿಡಿದು ಈಗ ಎಲ್ಲಿದ್ದೇನೆಂದು ಹೇಳಬಲ್ಲ. ಕಾದ ಸಲಿಕೆಯ ಮೇಲೆ ಎಂಜಿನ್ನಿನ ಬೆಂಕಿಯಲ್ಲೇ ಹಂದಿಮಾಂಸದ ಬೇಕನ್ನೂ ಮೊಟ್ಟೆಯನ್ನೂ ಹುರಿದು ತಿಂದ ನಾಲಿಗೆ ಅದು. ಹೆಂಡತಿಯ ಬಾಣಲೆಯಲ್ಲಿ ಬೆಂದದ್ದು ಸಪ್ಪೆ ಎಂದು ಒಮ್ಮೆ ಅಂದುಬಿಟ್ಟು, ಒಂದು ವಾರ ಬರೀ ಬ್ರೆಡ್ಡು ತಿಂದ.

ನಮ್ಮೂರು ಬ್ರ್ಯಾಕನ್‌ಶಾದ ಪಬ್ಬಿನಲ್ಲಿ ಅವನಿಂದ ಜನ ಕೇಳಿ ಕೇಳಿ ಹೇಳಿಸುತ್ತಿದ್ದುದು ಮಾತ್ರ ಒಂದೇ ಕತೆ, ಮಗಳು ಮೌರೀನಳ ಮದುವೆಯ ದಿನದ್ದು.

ಅದಕ್ಕೂ ಹಿಂದಿನದೊಂದು ಹೇಳಬೇಕು. ಮೌರೀನ್ ಕೂಸಾಗಿದ್ದಾಗ ಚರ್ಚಿನಲ್ಲಿ ಹೆಸರಿಡುವ ದಿನ ವಿಲ್ಫ್ ನಡುವೆ ಮಾಯವಾಗಿದ್ದ. ಸ್ಟೇಷನ್ನಿನಲ್ಲಿ ಯಾವುದೋ ಎಂಜಿನ್ನಿನ ಗಾಲಿಯ ಅಚ್ಚು ಕಾದಿದೆ ಎಂದು ಸುದ್ದಿ ಬಂದಿತ್ತಂತೆ. ಮರಳಿ ಬಂದವನು ಅದೇ ಎಣ್ಣೆ ಮಸಿಯ ಕೈಯಲ್ಲಿ ಕೂಸನ್ನು ಎತ್ತಿಕೊಂಡ. ಹೆಂಡತಿ ಎಡ್ನಾಳ ಅಜ್ಜಿಯ ಕಾಲದ ಬಿಳಿ ನಿಲುವಂಗಿಯ ಮೇಲೆ ಐದು ಬೆರಳೂ ಮೂಡಿದವು. ಅದನ್ನು ಎಡ್ನಾ ಮರೆಯಲಿಲ್ಲ, ಮರೆಯಲು ಬಿಡಲೂ ಇಲ್ಲ. ಮಗಳ ಮದುವೆ ಗೊತ್ತಾದ ದಿನವೇ ಗಂಡನಿಂದ ಭಾಷೆ ತೆಗೆದುಕೊಂಡಳು: ಅವತ್ತೊಂದು ದಿನ ಅವನು ಎಂಜಿನ್ ಮುಟ್ಟಕೂಡದು.

ಊರ ಚರ್ಚಿನ ಚಾವಣಿ ರಿಪೇರಿಗೆ ಬಂದಿತ್ತು. ಹಾಗಾಗಿ ಮದುವೆ ಗುಡ್ಡದಾಚೆಯ ಹೋಮ್‌ಡೇಲ್‌ನಲ್ಲಿ. ವರ ಅಲ್ಲಿಯವನೇ. ಪಾದ್ರಿ ಮೊದಲೇ ಎಚ್ಚರಿಸಿದ್ದರು, ಮದುವೆಯ ಬೆನ್ನಿಗೇ ಒಂದು ಶವಸಂಸ್ಕಾರವಿದೆ, ತಡವಾದರೆ ಮದುವೆ ಸೋಮವಾರಕ್ಕೆ ಹೋಗುತ್ತದೆ, ಸತ್ತವರನ್ನು ಕಾಯಿಸಲಾಗದು ಎಂದು. ದಿಬ್ಬಣ ಬೆಳಗಿನ ಪ್ಯಾಸೆಂಜರ್ ಹತ್ತಿತು. ವಿಲ್ಫ್ ಬೂದು ಸೂಟು ತೊಟ್ಟು, ಬೂದು ಕೈಗವಸು ಹಾಕಿ, ಮದುಮಗನಿಗಿಂತ ಮದುಮಗನಾಗಿ ಕೂತ. ಎದುರಿಗೆ ಬಿಳಿ ಉಡುಪಿನ ಮೌರೀನ್. ಪಕ್ಕದಲ್ಲಿ ಎಡ್ನಾ, ತೊಡೆಯ ಮೇಲೆ ಮದುವೆಯೂಟಕ್ಕೆಂದು ತಾನೇ ಮಾಡಿದ ಕಸ್ಟರ್ಡಿನ ದೊಡ್ಡ ಬಟ್ಟಲು.

ಎಂಜಿನ್ನಿನ ಮೇಲೆ ಹರ್ಬರ್ಟ್ ಸಗ್ಡನ್. ವಿಲ್ಫ್‌ನ ಜೊತೆಗೇ ಡ್ರೈವರ್ ಆದವನು, ಅವನ ಮಾತನ್ನು ಒಂದು ದಿನವೂ ಒಪ್ಪದವನು. ಭಾನುವಾರ ಬೈಬಲ್ ಓದಿದರೆ ಉಳಿದ ಆರು ದಿನ ರೈಲ್ವೆಯ ನಿಯಮದ ಪುಸ್ತಕ ಓದುವ ಆಸಾಮಿ. ಗುಡ್ಡದ ಏರನ್ನು ಹೊಡೆದು ಬಡಿದು ಹತ್ತಿಸಬೇಕೆಂದು ಅವನ ವಾದ, ಪುಸಲಾಯಿಸಿ ಹತ್ತಿಸಬೇಕೆಂದು ವಿಲ್ಫ್‌ನದು. ಈ ಜಗಳ ಬಿಯರ್ ಎಷ್ಟು ಕುಡಿಸಿದರೂ ತೀರುತ್ತಿರಲಿಲ್ಲ.

ನಮ್ಮಲ್ಲಿ ರೈಲ್ವೆಯವರ ಮದುವೆಗೆ ಹಳಿಯ ಮೇಲೆ ಪಟಾಕಿ ಕಟ್ಟುವುದು ರೂಢಿ. ಮಂಜಿನಲ್ಲಿ ಡ್ರೈವರನಿಗೆ ಅಪಾಯ ತಿಳಿಸಲು ಇಡುವ ಪಟಾಕಿಯೇ ಅದು. ಚಕ್ರ ಹತ್ತಿದರೆ ಸಿಡಿಯುತ್ತದೆ. ಸಾಮಾನ್ಯವಾಗಿ ಸ್ಟೇಷನ್ ದಾಟುವಲ್ಲಿ ಕಟ್ಟುತ್ತಾರೆ. ಆದರೆ ಹಳಿ ಕಾಯುವ ಈನಾಕ್ ಗ್ರೀನ್‌ಹಾಲ್ಗ್‌ನ ಗ್ಯಾಂಗಿಗೆ ಅವತ್ತು ಗುಡ್ಡದ ಮೇಲೆ ಕೆಲಸ. ಮದುವೆಗೆ ಹೋಗಲಾಗದಿದ್ದರೇನು, ನಮ್ಮ ಗುಡಿಸಲ ಮುಂದೆಯೇ ಸಿಡಿಯಲಿ ಎಂದು ಪ್ರೀತಿಯಿಂದ ಕಟ್ಟಿಬಿಟ್ಟರು. ಗುಡಿಸಲು ಇದ್ದದ್ದು ಏರಿನ ಅತಿ ಕಡಿದಾದ ತಿರುವಿನಲ್ಲಿ. ಮೊದಲ ಪಟಾಕಿ ಢಮ್ಮೆಂದದ್ದೇ ತಡ, ಹರ್ಬರ್ಟ್ ಬ್ರೇಕು ಹಾಕಿದ. ಉಳಿದವು ನಿಲ್ಲುತ್ತಿದ್ದ ರೈಲಿನಡಿ ಒಂದೊಂದಾಗಿ ಸಿಡಿದವು.

ರೈಲು ನಿಂತಿತು. ಒದ್ದೆ ಹಳಿ, ಮೇಲೆ ಬಿದ್ದು ಕೊಳೆತ ಎಲೆ. ಹೊರಡಿಸಲು ಹೋದರೆ ಚಕ್ರ ನಿಂತಲ್ಲೇ ಗಿರಗಿರನೆ ತಿರುಗಿತು. ಒಮ್ಮೆ, ಮತ್ತೊಮ್ಮೆ. ಎರಡನೆಯ ಸಲ ಬೋಗಿ ಕುಲುಕಿದ್ದಕ್ಕೆ ಕಸ್ಟರ್ಡು ತುಳುಕಿ ಎಡ್ನಾಳ ಹೊಸ ಲಂಗದ ಮೇಲೆ ಬಿತ್ತು. ವಿಲ್ಫ್‌ನ ಕಾಲು ತಾನಾಗಿ ಕುಣಿಯುತ್ತಿತ್ತು. ಆದರೂ ಭಾಷೆ ನೆನೆದು ಸೀಟು ಬಿಡಲಿಲ್ಲ. ಮೌರೀನ್ ಅಪ್ಪನನ್ನು ನೋಡಿದಳು, ಅಪ್ಪ ಅಮ್ಮನನ್ನು ನೋಡಿದ.

"ಅಮ್ಮ, ಸೋಮವಾರಕ್ಕೆ ಹೋದ್ರೆ ನಾನು ಅತ್ತುಬಿಡ್ತೀನಿ," ಎಂದಳು ಮೌರೀನ್. ಆಗಲೇ ಅಳುತ್ತಿದ್ದಳು.

ಎಡ್ನಾ ಕರವಸ್ತ್ರದಿಂದ ಲಂಗ ಒರೆಸುತ್ತಾ, ತಲೆ ಎತ್ತದೆ ಹೇಳಿದಳು: "ಹೋಗು. ಕೈ ಮಾತ್ರ ಜೇಬಲ್ಲಿರಲಿ."

ವಿಲ್ಫ್ ಹಾರಿದ ರಭಸಕ್ಕೆ ಹ್ಯಾಟು ಬೋಗಿಯಲ್ಲೇ ಉಳಿಯಿತು. ಎಂಜಿನ್ ಹತ್ತಿದ ಕೂಡಲೇ ಕೈಗಳನ್ನು ಜೇಬಿಗೆ ತುರುಕಿದ. ಹರ್ಬರ್ಟ್‌ನ ಮುಖ ಕೆಂಪಗಿತ್ತು. "ನಂದೇನೂ ತಪ್ಪಿಲ್ಲ. ಪಟಾಕಿ ಸಿಡಿದ್ರೆ ನಿಲ್ಲಿಸ್ಬೇಕು."

"ಒಂದು ಸಿಡಿದ್ರೆ ಅಪಾಯ. ಸಾಲಾಗಿ ಡಜನ್ ಸಿಡಿದ್ರೆ ಅದು ಮದುವೆ, ಮಾರಾಯ."

"ನಿಯಮದ ಪುಸ್ತಕದಲ್ಲಿ ಮದುವೆ ಇಲ್ಲ."

ವಿಲ್ಫ್ ಬಗ್ಗಿ ಚಕ್ರ ನೋಡಿದ. ಚಕ್ರ ಜಾರದಂತೆ ಹಳಿಗೆ ಮರಳು ಬಿಡುವ ಕೊಳವೆ ಕಟ್ಟಿಕೊಂಡಿದೆ ಎಂದು ಹರ್ಬರ್ಟ್ ತಿಳಿಸಿದ. ಬೋಗಿಯ ಕಿಟಕಿಯಿಂದ ಯಾರೋ ಚಿಕ್ಕಮ್ಮ, ಮದುಮಕ್ಕಳ ತಲೆಗೆ ಎರಚಲು ತಂದ ಅಕ್ಕಿ ಇದೆ, ಚೆಲ್ಲಲೇ ಎಂದು ಕೂಗಿ ಕೇಳಿದಳು. ಅರೆದು ಗಂಜಿಯಾದೀತು, ಇಟ್ಟುಕೊಳ್ಳಿ ಎಂದ ವಿಲ್ಫ್. ಈನಾಕ್‌ನ ಗ್ಯಾಂಗು ತಪ್ಪಿತಸ್ಥರ ಮುಖ ಹೊತ್ತು ನಿಂತಿತ್ತು. ಗುಡಿಸಲ ಒಲೆಯ ಒಣ ಬೂದಿಯನ್ನೆಲ್ಲ ತಂದು ಎಂಜಿನ್ನಿನ ಮುಂದೆ ಹಳಿಗೆ ಸುರಿಯಿರಿ ಎಂದದ್ದೇ ಸಾಕು, ಬಕೆಟ್ಟು ಹಿಡಿದು ಓಡಿದರು.

ಗಾರ್ಡ್‌ನ ಒಪ್ಪಿಗೆ ಪಡೆದು ಮೊದಲು ರೈಲನ್ನು ಒಂದಿಷ್ಟು ಹಿಂದಕ್ಕೆ ಸರಿಸಿದರು. ಬೋಗಿಗಳು ಒಂದಕ್ಕೊಂದು ಒತ್ತಿಕೊಂಡರೆ ಹೊರಡುವಾಗ ಎಂಜಿನ್ನಿನ ಮೇಲೆ ಎಲ್ಲದರ ಭಾರ ಒಟ್ಟಿಗೆ ಬೀಳದು, ಒಂದಾದ ಮೇಲೊಂದು ಬೀಳುತ್ತದೆ. ಆಮೇಲೆ ವಿಲ್ಫ್ ಕಣ್ಣು ಮುಚ್ಚಿ, ಅಂಗಾಲಲ್ಲೇ ಎಂಜಿನ್ನಿನ ಒಳಗನ್ನು ಕೇಳುತ್ತಾ ನಿಂತ.

"ಉಗಿ ಕೊಡು. ಸ್ವಲ್ಪ. ಇನ್ನೊಂಚೂರು. ತಡಿ, ಜಾರ್ತಾಳೆ, ಮುಚ್ಚು. ಹಾಂ, ಈಗ ಕೊಡು."

ಜೇಬಿನೊಳಗೆ ಅವನ ಬೆರಳುಗಳು ಹರ್ಬರ್ಟ್‌ನ ಕೈಯಲ್ಲಿದ್ದ ಉಗಿಯ ಹಿಡಿಯ ಜೊತೆಗೇ ಆಡುತ್ತಿದ್ದವು. ಎಂಜಿನ್ ಕೆಮ್ಮಿತು, ಹಿಡಿಯಿತು, ಮೆಲ್ಲಗೆ ಹತ್ತತೊಡಗಿತು. ಹರ್ಬರ್ಟ್ ಜೀವಮಾನದಲ್ಲಿ ಮೊದಲ ಸಲ ಒಂದು ಏರನ್ನು ಪುಸಲಾಯಿಸಿ ಹತ್ತಿಸಿದ. ನೆತ್ತಿ ದಾಟಿದ ಮೇಲೆ ಬೆವರೊರೆಸಿಕೊಂಡು ಪಕ್ಕಕ್ಕೆ ಸರಿದು ನಿಂತ.

"ಇಳಿಜಾರು ನಿಂದು. ಮಗಳ ಮದುವೆಗೆ ನನ್ನ ಉಡುಗೊರೆ, ತಗೋ."

ಇದು ಯಾವ ನಿಯಮದಲ್ಲಿದೆ ಎಂದು ಕೇಳುವಷ್ಟು ದಡ್ಡ ವಿಲ್ಫ್ ಅಲ್ಲ. ಹಿಂದಿರುಗಿ ನೋಡಿದ. ಬೋಗಿಯಿಂದ ಇಲ್ಲಿಗೆ ಯಾರ ಕಣ್ಣೂ ಹಾಯದು. ಬಲಗೈ ಜೇಬಿನಿಂದ ಹೊರಬಂತು. ಮಗಳನ್ನು ತಾನೇ ಗಂಡನ ಊರಿಗೆ ಇಳಿಸುತ್ತಿದ್ದೇನೆಂದು ಅವನಿಗೆ ಎದೆ ತುಂಬಿ ಬಂತು. ಹೊಗೆ ಕಣ್ಣಿಗೆ ಹೋಯಿತೆಂದು ಹರ್ಬರ್ಟ್‌ಗೆ ಸುಳ್ಳು ಹೇಳಿದ. ಹೋಮ್‌ಡೇಲ್‌ನಲ್ಲಿ ಪೂರ್ತಿ ನಿಲ್ಲುವ ತುಸು ಮುಂಚೆ ಬ್ರೇಕು ಸಡಿಲಿಸಿ, ರೈಲು ನಿಂತದ್ದು ರೈಲಿಗೇ ತಿಳಿಯದಂತೆ ನಿಲ್ಲಿಸಿದ.

ಪ್ಲಾಟ್‌ಫಾರ್ಮಿಗೆ ಇಳಿಯುವ ಹೊತ್ತಿಗೆ ಕೈ ಜೇಬಿನಲ್ಲಿತ್ತು. ಮೌರೀನ್ ಆಗಲೇ ಚಿಕ್ಕಮ್ಮಂದಿರ ನಡುವೆ ಚರ್ಚಿನ ಕಡೆ ಓಡುತ್ತಿದ್ದಳು. ಎಡ್ನಾ ಬಟ್ಟಲು ಹಿಡಿದು ನಿಂತಿದ್ದಳು.

"ಮುಟ್ಟಲಿಲ್ಲ. ಗುಡ್ಡ ಹತ್ತೋಷ್ಟು ಹೊತ್ತೂ ಮುಟ್ಟಲಿಲ್ಲ," ಎಂದ ವಿಲ್ಫ್.

"ಗೊತ್ತು. ಹತ್ತುವಾಗ ಹರ್ಬರ್ಟ್. ಇಳಿಯುವಾಗ ನೀನು."

"ಯಾರು ಹೇಳಿದ್ದು?"

ಅವಳು ಬಟ್ಟಲು ತೋರಿಸಿದಳು. "ನೆತ್ತಿ ದಾಟಿದ ಮೇಲೆ ಒಂದು ಹನಿ ಚೆಲ್ಲಿಲ್ಲ. ಇಷ್ಟು ವರ್ಷ ನಿನ್ನ ರೈಲಲ್ಲಿ ಕೂತು ಸಂತೆಗೆ ಹೋಗಿ ಬಂದವಳು ನಾನು. ನಿನ್ನ ಕೈ ನನಗೆ ತಿಳಿಯಲ್ವಾ?"

ಬಟ್ಟಲನ್ನು, ಎಂಜಿನ್ನಿನಿಂದ ಇಳಿದು ಬಂದಿದ್ದ ಹರ್ಬರ್ಟ್‌ನ ಕೈಗೆ ದಾಟಿಸಿ, ಅವಳೇ ಗಂಡನ ಜೇಬಿಗೆ ಕೈ ಹಾಕಿ ಮಸಿ ಮೆತ್ತಿದ ಆ ಕೈಯನ್ನು ಹೊರಗೆಳೆದಳು. ಕರ್ರಗಾದ ಬೂದು ಗವಸು ಕಳಚಿ ತನ್ನ ಚೀಲಕ್ಕೆ ಸೇರಿಸಿದಳು. ನಂತರ ಅವನ ಬೆರಳು ಹಿಡಿದುಕೊಂಡು ಚರ್ಚಿನತ್ತ ನಡೆದಳು. ಮದುವೆಯ ಫೋಟೋದಲ್ಲಿ ವಿಲ್ಫ್‌ಗೆ ಒಂದೇ ಗವಸು, ಎಡ್ನಾಳ ಲಂಗದ ಮೇಲೆ ಕಸ್ಟರ್ಡಿನ ಕಲೆ. ಇಬ್ಬರೂ ಏನನ್ನೂ ಮರೆಮಾಡದೆ ನಗುತ್ತಿದ್ದಾರೆ.