ಎರಡನೇ ಸಾಕ್ಷಿ

ಕೆಸರೆಯ ಪ್ರೇಮಲೀಲಾ ಅವರಿಗೆ ಕ್ರೈಸ್ತ ಸಭೆಯ ಹೆಂಗಸರು ಇಟ್ಟಿದ್ದ ಹೆಸರು ಚೆಕ್ಕಿಂಗ್ ಲೀಲಕ್ಕ. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆದರೂ ಅವರಿಗೆ ಅದು ಗೊತ್ತಿತ್ತು, ಒಳಗೊಳಗೇ ಹಿಗ್ಗೂ ಇತ್ತು. ಮೂವತ್ತೊಂದು ವರ್ಷ ಅವರು ರೇಷ್ಮೆ ಕಾರ್ಖಾನೆಯೊಂದರಲ್ಲಿ ಬಟ್ಟೆ ಪರೀಕ್ಷಿಸುವ ಮೇಜಿನ ಹಿಂದೆ ನಿಂತಿದ್ದವರು. ಮಗ್ಗದಿಂದ ಇಳಿದ ಸೀರೆಯನ್ನು ಬೆಳಕಿಗೆ ಹಿಡಿದು ತುಂಡಾದ ಎಳೆ, ತಪ್ಪಿದ ಜರಿ, ಎಣ್ಣೆಯ ಕಲೆ ಹುಡುಕುವುದು ಕೆಲಸ. ನಿವೃತ್ತಿಯಾದ ಮೇಲೆ ನೋಡಲು ಸೀರೆ ಸಿಗಲಿಲ್ಲ, ಸಭೆಯ ಹಿರಿಯರ ಪ್ರಸಂಗ ಸಿಕ್ಕಿತು.

ಭಾನುವಾರದ ಆರಾಧನೆಯಲ್ಲಿ ಎರಡನೇ ಸಾಲಿನ ಕೊನೆಯ ಕುರ್ಚಿ ಅವರದು. ಕನ್ನಡ ಬೈಬಲ್ ಆದ ಸತ್ಯವೇದ ತೊಡೆಯ ಮೇಲೆ ತೆರೆದಿರುತ್ತಿತ್ತು. ಪ್ರಸಂಗ ಮಾಡುವವರು ಯಾವ ಅಧ್ಯಾಯದ ಹೆಸರೆತ್ತಿದರೂ ಆ ಹಾಳೆಗೆ ಹೋಗಿ, ಅದರ ಹಿಂದಿನದನ್ನೂ ಮುಂದಿನದನ್ನೂ ಓದಿ, ಆಮೇಲಷ್ಟೇ ಆಮೆನ್ ಅನ್ನುತ್ತಿದ್ದರು. ಅಷ್ಟು ಹೊತ್ತಿಗೆ ಉಳಿದವರ ಆಮೆನ್ ಮುಗಿದು ಹಾಡು ಶುರುವಾಗಿರುತ್ತಿತ್ತು. ಹಳೆಯ ಮುಖ್ಯ ಹಿರಿಯರಾದ ಸಮಾಧಾನಪ್ಪನವರಿಗೆ ಇದರಿಂದ ಬೇಸರವಿರಲಿಲ್ಲ. ಆರಾಧನೆ ಮುಗಿದ ಕೂಡಲೇ ತಾವೇ ಬಂದು, "ಏನಮ್ಮಾ, ಇವತ್ತು ನನ್ನ ಬಟ್ಟೆ ಪಾಸಾಯ್ತಾ?" ಎಂದು ಕೇಳುತ್ತಿದ್ದರು. ಒಮ್ಮೆ ಒಬ್ಬ ಪ್ರವಾದಿಯ ಮಾತನ್ನು ಇನ್ನೊಬ್ಬನ ಬಾಯಿಗೆ ಹಾಕಿದ್ದಕ್ಕೆ ಮುಂದಿನ ವಾರ ಎಲ್ಲರ ಎದುರು ತಿದ್ದಿಕೊಂಡಿದ್ದರು. ಹಿರಿಯರೆಂದರೆ ಹೀಗಿರಬೇಕು ಎಂದು ಪ್ರೇಮಲೀಲಾ ನಂಬಿದ್ದರು.

ಸಮಾಧಾನಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಜಾಗಕ್ಕೆ ಕೃಪಾಕರ ಬಂದಿದ್ದರು. ಸಿದ್ಧಾರ್ಥನಗರದಲ್ಲಿ ಮನೆ, ಇನ್ನೂ ಐವತ್ತಾಗದ ವಯಸ್ಸು, ಬೆಣ್ಣೆಯಂಥ ಮಾತು. ಬೇರೆ ಇಬ್ಬರು ಹಿರಿಯರೂ ಇದ್ದರು, ಆದರೆ ಅವರ ಕೆಲಸ ಕೃಪಾಕರರ ಅಕ್ಕಪಕ್ಕ ಕೂತು ತಲೆಯಾಡಿಸುವುದಷ್ಟೇ ಆಗಿತ್ತು.

ಆ ಸ್ಟೀಲ್ ತಟ್ಟೆ ಮೊದಲು ಕಾಣಿಸಿಕೊಂಡದ್ದು ಆಗಸ್ಟ್ ತಿಂಗಳ ಒಂದು ಭಾನುವಾರ. ಕಾಯಿಲೆಯವರಿಗೆ ಹಿರಿಯರು ಎಣ್ಣೆ ಹಚ್ಚಿ ಪ್ರಾರ್ಥಿಸುವುದು ಸಭೆಯಲ್ಲಿ ಮೊದಲಿನಿಂದಲೂ ಇತ್ತು, ವೇದದಲ್ಲೂ ಇದೆ. ಅದಕ್ಕೆ ಪ್ರೇಮಲೀಲಾರ ತಕರಾರಿರಲಿಲ್ಲ. ಆದರೆ ಅಂದು ಕೃಪಾಕರ ರೊಟ್ಟಿ, ದ್ರಾಕ್ಷಾರಸ ಇಡುವ ಪ್ರಭುವಿನ ಮೇಜಿನ ಮುಂದೆ ಖಾಲಿ ತಟ್ಟೆಯೊಂದನ್ನು ಇಡಿಸಿ, "ಎಣ್ಣೆ ಹಚ್ಚಿಸಿಕೊಂಡ ಮೇಲೂ ಮಾತ್ರೆ ನುಂಗ್ತೀರಿ ಅಂದ್ರೆ ನಿಮಗೆ ದೇವರ ಮೇಲೆ ನಂಬಿಕೆ ಇಲ್ಲ ಅಂತಲೇ ಅರ್ಥ. ತಂದು ಇಲ್ಲಿ ಇಟ್ಟುಬಿಡಿ. ಆಮೇಲೆ ಕರ್ತನ ಭೋಜನಕ್ಕೆ ಬನ್ನಿ," ಎಂದರು. ಪ್ರೇಮಲೀಲಾ ಹಾಳೆ ತಿರುಗಿಸಿದರು. ಕೃಪಾಕರ ಹೇಳಿದ ಅಧ್ಯಾಯದಲ್ಲಿ ಎಣ್ಣೆ ಇತ್ತು, ಪ್ರಾರ್ಥನೆ ಇತ್ತು, ತಟ್ಟೆ ಇರಲಿಲ್ಲ. ಅಂದು ಅವರು ಆಮೆನ್ ಅನ್ನಲಿಲ್ಲ.

ಮೊದಲ ವಾರ ತಟ್ಟೆಯಲ್ಲಿ ಬಿದ್ದದ್ದು ತಲೆನೋವಿನ ಎರಡು ಮಾತ್ರೆ. ಮುಂದಿನ ವಾರ ಯಾರೋ ಬಿಪಿ ಮಾತ್ರೆಯ ಪಟ್ಟಿಯನ್ನೇ ತಂದಿಟ್ಟರು, ಚಪ್ಪಾಳೆ ಬಿತ್ತು. ಮೂರನೇ ವಾರ ಎದ್ದು ಹೋದವಳು ಸುಮಾ.

ಸುಮಾ ಪ್ರೇಮಲೀಲಾರ ಒಡಹುಟ್ಟಿದ ತಂಗಿ. ಗಂಡ ಇಲ್ಲ, ಮಕ್ಕಳಿಲ್ಲ, ಎರಡು ಬೀದಿ ಆಚೆ ಒಬ್ಬಳೇ ಇದ್ದಳು. ಹದಿನಾಲ್ಕು ವರ್ಷದ ಸಕ್ಕರೆ ಕಾಯಿಲೆ. ದಿನಕ್ಕೆರಡು ಸಲ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳಬೇಕಿತ್ತು. ಆ ಇಂಜೆಕ್ಷನ್ನಿನ ಡಬ್ಬಿಯನ್ನೇ ಅವಳು ತಟ್ಟೆಯಲ್ಲಿಟ್ಟು, ಅಳುತ್ತಾ ನಗುತ್ತಾ ಹಿಂದಿರುಗಿ ಬಂದಳು.

ಮಧ್ಯಾಹ್ನ ತಂಗಿಯ ಮನೆಗೆ ಹೋದರೆ, ಅವಳು ಬಾಗಿಲಲ್ಲೇ ಕೂತು ಸಪೋಟ ತಿನ್ನುತ್ತಿದ್ದಳು.

"ಏನೇ ಇದು? ಡಾಕ್ಟರನ್ನ ಒಂದು ಮಾತು ಕೇಳೋದಲ್ವೇನೇ?"

"ಬಿಟ್ಬುಡಕ್ಕಾ. ಅವರು ತಲೆ ಮೇಲೆ ಕೈಯಿಟ್ಟಾಗ ಮೈಯೆಲ್ಲಾ ಬೆಚ್ಚಗಾಯ್ತು ಕಣೆ. ಎಷ್ಟು ವರ್ಷ ಆಗಿತ್ತು ಗೊತ್ತಾ ನಾನು ಹೆದರದೆ ಒಂದು ಹಣ್ಣು ತಿಂದು?"

ಅವಳ ಮುಖದಲ್ಲಿದ್ದ ಸಂತೋಷವನ್ನು ಪ್ರೇಮಲೀಲಾ ಬಹಳ ವರ್ಷಗಳಿಂದ ಕಂಡಿರಲಿಲ್ಲ. ಬೈಯಬೇಕೆಂದು ಬಂದವರು ಬೈಯಲಾರದೆ ಹೋದರು. ಅವರ ಮಟ್ಟಿಗೆ, ತಂಗಿಗೆ ಬುದ್ಧಿ ಹೇಳಿ ಪ್ರಯೋಜನವಿರಲಿಲ್ಲ. ತಪ್ಪು ಎಲ್ಲಿ ನೇಯ್ದದ್ದೋ ಅಲ್ಲಿಯೇ ಅದನ್ನು ಹಿಡಿಯಬೇಕಿತ್ತು.

ಸೋಮವಾರ ಬೆಳಿಗ್ಗೆ ಸತ್ಯವೇದವನ್ನು ಚೀಲದಲ್ಲಿಟ್ಟುಕೊಂಡು ಸಿದ್ಧಾರ್ಥನಗರದ ಕೃಪಾಕರರ ಮನೆಗೆ ಹೋದರು. ಸಾಯುವ ಸ್ಥಿತಿಯಲ್ಲಿದ್ದ ಅರಸನ ಹುಣ್ಣಿಗೆ ಪ್ರವಾದಿಯೇ ಅಂಜೂರದ ಹಣ್ಣನ್ನು ಅರೆದು ಕಟ್ಟಿಸಿದ್ದನ್ನು ತೋರಿಸಿದರು. ಹೊಟ್ಟೆನೋವಿನ ಶಿಷ್ಯನಿಗೆ ಅಪೊಸ್ತಲನು ಬರೀ ಪ್ರಾರ್ಥನೆಯನ್ನಲ್ಲ, ಮದ್ದನ್ನೂ ಹೇಳಿಕೊಟ್ಟದ್ದನ್ನು ತೋರಿಸಿದರು. ಕೃಪಾಕರ ಕಾಫಿ ತರಿಸಿದರು. ಪೂರ್ತಿ ಕೇಳಿದರು. ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ.

"ನೀವು ಓದಿದ್ದು ತಪ್ಪು ಅನ್ನಲ್ಲ ಲೀಲಮ್ಮಾ," ಎಂದರು ಕೊನೆಗೆ. "ಆದ್ರೆ ಹಿರಿಯರ ಮೇಲೆ ದೂರು ತರೋಕೆ ವೇದದಲ್ಲೇ ಒಂದು ನಿಯಮ ಇದೆಯಲ್ಲ. ಇಬ್ಬರೋ ಮೂವರೋ ಸಾಕ್ಷಿ ಇರಬೇಕು. ನಿಮ್ಮ ಜೊತೆ ಇನ್ನೊಬ್ಬರು ಯಾರು?"

ಪ್ರೇಮಲೀಲಾ ಸತ್ಯವೇದವನ್ನು ಮುಚ್ಚಿ ಚೀಲಕ್ಕೆ ಹಾಕಿಕೊಂಡರು. ನಿಯಮ ಇದ್ದದ್ದು ನಿಜ.

ಗೇಟಿನವರೆಗೂ ಬಂದು ಬೀಳ್ಕೊಡುತ್ತಾ ಅದೇ ಮೆತ್ತನೆಯ ದನಿಯಲ್ಲಿ ಅವರು, "ತಂಗಿ ಹತ್ರ ಇದನ್ನೆಲ್ಲ ಮಾತಾಡ್ಬೇಡಿ. ಅಪನಂಬಿಕೆ ಅಂಟುರೋಗ ಇದ್ದಂಗೆ. ನಾಳೆ ಅವಳಿಗೆ ಏನಾದ್ರೂ ಆದ್ರೆ ಅದು ನಿಮ್ಮ ತಲೆ ಮೇಲೆ ಬರುತ್ತೆ," ಎಂದರು. ಬಸ್ಸಿನಲ್ಲಿ ಕೂತಾಗಲೂ ಪ್ರೇಮಲೀಲಾರಿಗೆ ಆ ಮಾತಿನ ಚಳಿ ಬಿಡಲಿಲ್ಲ.

ಈಗ ಕೂತು ಆಡಿಕೊಳ್ಳುವವರಿಗೆ ಇದೆಲ್ಲ ಸುಲಭ. ತಂಗಿಯ ರಟ್ಟೆ ಹಿಡಿದು ಎಳೆದುಕೊಂಡು ಹೋಗಬಾರದಿತ್ತೇ ಎನ್ನಬಹುದು. ಆದರೆ ಈ ಹೆಂಗಸು ಬದುಕಿದ ರೀತಿಯೇ ಬೇರೆ. ಕಾರ್ಖಾನೆಯಲ್ಲಿ ಒಬ್ಬ ಪರೀಕ್ಷಕಿ ತಪ್ಪು ಕಂಡಳೆಂದು ಸೀರೆಯನ್ನು ತಿರಸ್ಕರಿಸುತ್ತಿರಲಿಲ್ಲ. ಎರಡನೆಯವಳೂ ನೋಡಿ ರುಜು ಹಾಕಬೇಕಿತ್ತು, ಯಾಕೆಂದರೆ ಒಂದು ಕಣ್ಣು ಮೋಸ ಹೋಗಬಹುದು, ನೇಯ್ದವನ ಹೊಟ್ಟೆಪಾಡು ಅದರಲ್ಲಿದೆ. ಮೂವತ್ತೊಂದು ವರ್ಷ ಅವರು ಆ ಪದ್ಧತಿಯನ್ನು ನ್ಯಾಯವೆಂದೇ ನಂಬಿ ನಡೆದಿದ್ದರು. ಈಗ ವೇದವೂ ಅದನ್ನೇ ಹೇಳುತ್ತಿತ್ತು. ಹಿರಿಯರು ವೇದಕ್ಕೆ ಬಗ್ಗಬೇಕೆಂದು ಕೇಳುವವಳು ತಾನೇ ಅದನ್ನು ದಾಟುವುದು ಹೇಗೆ? ಅವರು ಎರಡನೇ ರುಜು ಹುಡುಕಲು ಹೊರಟರು.

ವಾರವಿಡೀ ಸುತ್ತಿದರು. ಎಲ್ಲರ ಮನೆಯಲ್ಲೂ ಕಾಫಿ ಸಿಕ್ಕಿತು, ಎಲ್ಲರೂ "ನೀವು ಹೇಳೋದು ಸರಿ ಕಣಕ್ಕಾ" ಅಂದರು, ಸಭೆಯಲ್ಲಿ ಎದ್ದು ನಿಲ್ಲುತ್ತೀರಾ ಎಂದರೆ ಎಲ್ಲರಿಗೂ ಒಲೆಯ ಮೇಲೆ ಏನೋ ಇಟ್ಟದ್ದು ನೆನಪಾಯಿತು. ಒಪ್ಪಿದವಳು ಒಬ್ಬಳೇ, ಶೈನಿ. ಆರಾಧನೆಯಲ್ಲಿ ಕೀಬೋರ್ಡ್ ನುಡಿಸುವ ಹುಡುಗಿ, ನರ್ಸಿಂಗ್ ಹೋಮ್ ಒಂದರಲ್ಲಿ ನರ್ಸ್. ಇನ್ಸುಲಿನ್ ನಿಲ್ಲಿಸಿದರೆ ಏನಾಗುತ್ತದೆಂದು ಅವಳಿಗಿಂತ ಚೆನ್ನಾಗಿ ಸಭೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ನಿಲ್ತೀನಿ ಆಂಟಿ. ಆದ್ರೆ ಒಂದೇ ಒಂದು ವಾರ ಟೈಮ್ ಕೊಡಿ," ಎಂದಳು. ಅವಳ ಮದುವೆ ಗೊತ್ತಾಗಿತ್ತು. ಗಂಡಿನ ಕಡೆಯ ಸಭೆಗೆ, ಈಕೆ ನಮ್ಮ ಸಭೆಯ ಯೋಗ್ಯ ಸದಸ್ಯೆ ಎಂದು ಇಲ್ಲಿನ ಹಿರಿಯರು ಪತ್ರ ಬರೆದುಕೊಡಬೇಕಿತ್ತು. "ಪತ್ರ ಕೈಗೆ ಬರಲಿ, ಅವತ್ತೇ ಎದ್ದು ಹೇಳ್ತೀನಿ."

ಒಂದು ವಾರ ತಾನೇ ಎಂದುಕೊಂಡರು ಪ್ರೇಮಲೀಲಾ.

ಆ ವಾರ ಸುಮಾ ಆರಾಧನೆಗೆ ನೀರಿನ ಬಾಟಲಿ ತಂದಳು. ಮುಂದಿನ ವಾರ ಎರಡು ತಂದಳು. ರವಿಕೆ ಸಡಿಲವಾಗಿತ್ತು, ಕೆನ್ನೆ ಒಳಗೆ ಹೋಗಿತ್ತು. "ಎಂಗೆ ಸಣ್ಣಗಾಗಿದ್ದೀಯ ನೋಡು, ಹತ್ತು ವರ್ಷ ಚಿಕ್ಕೋಳಾಗ್ಬುಟ್ಟೆ!" ಎಂದು ಹೆಂಗಸರು ಅವಳನ್ನು ತಬ್ಬಿಕೊಂಡರು. ಕೃಪಾಕರ ಅವಳನ್ನು ಮುಂದೆ ನಿಲ್ಲಿಸಿ, ಮುಂದಿನ ಭಾನುವಾರ ಈ ಸಹೋದರಿ ತನಗೆ ವಾಸಿಯಾದದ್ದಕ್ಕೆ ಸಾಕ್ಷಿ ಹೇಳುತ್ತಾಳೆ ಎಂದು ಪ್ರಕಟಿಸಿದರು. ತಟ್ಟೆ ಅಷ್ಟರಲ್ಲಿ ತುಂಬಿ, ಅದರ ಪಕ್ಕ ಇನ್ನೊಂದು ತಟ್ಟೆ ಬಂದಿತ್ತು. ಶೈನಿಯ ಪತ್ರ ಮಾತ್ರ ಬಂದಿರಲಿಲ್ಲ. ಹಿರಿಯರು ಅದಕ್ಕಾಗಿ ಇನ್ನೂ ಪ್ರಾರ್ಥಿಸುತ್ತಿದ್ದರಂತೆ.

ಮೂರನೇ ಭಾನುವಾರ ಪ್ರೇಮಲೀಲಾ ಕಾಯಲಿಲ್ಲ. ಸುಮಾಳನ್ನು ಮುಂದೆ ಕರೆದಾಗ ಅವಳು ಎರಡು ಹೆಜ್ಜೆ ಹಾಕಿ ಯಾಕೆ ಎದ್ದೆನೆಂಬುದನ್ನೇ ಮರೆತವಳಂತೆ ನಿಂತುಬಿಟ್ಟಳು. ಅದನ್ನು ಕಂಡು ಅಕ್ಕ ಎದ್ದು ನಿಂತರು. ಅಧ್ಯಾಯ ಅಧ್ಯಾಯವಾಗಿ ಎಲ್ಲ ಹೇಳಿದರು. ಮೇಜಿನ ಮುಂದಿನ ಆ ತಟ್ಟೆಗೆ ವೇದದಲ್ಲಿ ಆಧಾರ ಎಲ್ಲಿದೆ, ತೋರಿಸಿ ಎಂದು ಕೇಳಿದರು.

"ಎರಡನೇ ಸಾಕ್ಷಿ ಯಾರು?" ಎಂದರು ಕೃಪಾಕರ.

ಪ್ರೇಮಲೀಲಾ ಕೀಬೋರ್ಡಿನ ಕಡೆ ನೋಡಿದರು. ಶೈನಿ ತಲೆ ತಗ್ಗಿಸಿ ತನ್ನ ಬೆರಳುಗಳನ್ನು ನೋಡುತ್ತಿದ್ದಳು. ಕೃಪಾಕರ ಬಹಳ ಹೊತ್ತು ಕಾದರು. ಅವರಿಗೆ ಅವಸರವಿರಲಿಲ್ಲ.

"ಹಾಗಿದ್ರೆ ವೇದದ ಪ್ರಕಾರ ಕೂತ್ಕೊಳ್ಳಿ ಲೀಲಮ್ಮಾ."

ಅವರು ಕೂತರು. ಇಡೀ ಜನ್ಮದಲ್ಲಿ ಪ್ರೇಮಲೀಲಾ ಮಾಡಿದ ಅತ್ಯಂತ ದೊಡ್ಡ ತಪ್ಪು ಅದು. ಅವರನ್ನು ಪ್ರೀತಿಸುವವರೂ ಅದನ್ನು ಇಲ್ಲ ಎನ್ನುವ ಹಾಗಿಲ್ಲ.

ಹಾಡು ಎತ್ತಿದರು. ಎರಡನೇ ಚರಣಕ್ಕೆ ಸುಮಾ ಮೆಲ್ಲಗೆ ಜಾರಿ ನೆಲದ ಮೇಲೆ ಒರಗಿದಳು. ಉಸಿರು ಜೋರಾಗಿ, ಆಳವಾಗಿ ಬರುತ್ತಿತ್ತು. ಅವಳ ಮೇಲೆ ಪವಿತ್ರಾತ್ಮ ಇಳಿದಿದೆಯೆಂದು ಯಾರೋ ಕೂಗಿದರು. ಹಾಡು ಇನ್ನೂ ಏರಿತು, ಚಪ್ಪಾಳೆ ಜೋರಾಯಿತು. ಆಗ ಕೀಬೋರ್ಡ್ ನಿಂತುಹೋಯಿತು. ಶೈನಿ ಕುರ್ಚಿಗಳನ್ನು ತಳ್ಳಿಕೊಂಡು ಓಡಿಬಂದು, ಸುಮಾಳ ಬಾಯಿಯ ಹತ್ತಿರ ಬಗ್ಗಿ ಉಸಿರಿನ ವಾಸನೆ ನೋಡಿ, "ಆಟೋ ಕರೀರಿ! ಹಾಡು ನಿಲ್ಸ್ರೀ ಮೊದ್ಲು!" ಎಂದು ಕಿರುಚಿದಳು.

ಆಟೋದಲ್ಲಿ ತಂಗಿಯ ತಲೆ ಅಕ್ಕನ ತೊಡೆಯ ಮೇಲಿತ್ತು. ಹಣ್ಣು ಕೊಳೆತಂಥ ವಾಸನೆ ಆ ಉಸಿರಿನಲ್ಲಿ ಬರುತ್ತಿತ್ತು. ಪ್ರೇಮಲೀಲಾರಿಗೆ ಆಗ ಹೊಳೆಯಿತು. ಸಾಕ್ಷಿಯ ನಿಯಮ ಇದ್ದದ್ದು ಒಬ್ಬ ಮನುಷ್ಯನ ಹೆಸರಿಗೆ ಸುಳ್ಳು ಕಳಂಕ ಬರದಿರಲಿ ಎಂದು. ವೇದಕ್ಕೆ ವಿರುದ್ಧವಾದ ಬೋಧನೆಯನ್ನು ವೇದ ಹಿಡಿದು ಪ್ರಶ್ನಿಸಲು ಯಾರ ರುಜುವೂ ಬೇಕಿರಲಿಲ್ಲ. ಸಾಯುತ್ತಿರುವ ತಂಗಿಯನ್ನು ಆಸ್ಪತ್ರೆಗೆ ಕರೆದೊಯ್ಯಲಂತೂ ಬೇಕೇ ಇರಲಿಲ್ಲ. ಕೃಪಾಕರರಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಅವರು ಆ ನಿಯಮವನ್ನು ಕಾಫಿಯ ಜೊತೆ ಕೊಟ್ಟಿದ್ದರು.

ತುರ್ತು ಚಿಕಿತ್ಸೆಯ ಕೋಣೆಯಿಂದ ಯುವ ಡಾಕ್ಟರೊಬ್ಬರು ಕಾಗದ ಹಿಡಿದು ಹೊರಗೆ ಬಂದರು. ಮುಖ ಬಿಗಿದಿತ್ತು.

"ಇನ್ಸುಲಿನ್ ನಿಲ್ಸಿ ಎಷ್ಟು ದಿನ ಆಯ್ತು?"

"ಇಪ್ಪತ್ತೊಂದು ದಿನ."

"ಮೂರು ವಾರ!" ಡಾಕ್ಟರು ತಲೆಯೆತ್ತಿದರು. "ಕಿಡ್ನಿ ಕೆಲಸ ಮಾಡ್ತಿಲ್ಲ. ಉಳೀತಾರೆ ಅಂತ ನಾನು ಹೇಳೋ ಸ್ಥಿತೀಲಿಲ್ಲ. ಇವರು ನಿಲ್ಸಿರೋದು ಮನೇಲಿ ಯಾರಿಗೂ ಗೊತ್ತಿರಲಿಲ್ವಾ?"

"ನನಗೆ ಗೊತ್ತಿತ್ತು," ಎಂದರು ಪ್ರೇಮಲೀಲಾ.

"ಯಾವತ್ತಿಂದ?"

"ಮೊದಲನೇ ದಿನದಿಂದ."

ಗೋಡೆಗೆ ಒರಗಿ ನಿಂತಿದ್ದ ಶೈನಿ ಮುಂದೆ ಬಂದು ಪ್ರೇಮಲೀಲಾರ ಪಕ್ಕದಲ್ಲಿ ನಿಂತಳು.

"ನನಗೂ ಗೊತ್ತಿತ್ತು, ಡಾಕ್ಟ್ರೇ."

ಡಾಕ್ಟರು ಇಬ್ಬರ ಹೆಸರನ್ನೂ ಕೇಳಿ, ಕಾಗದದಲ್ಲಿ ಒಂದರ ಕೆಳಗೊಂದು ಬರೆದುಕೊಂಡು ಒಳಗೆ ಹೋದರು.