ಇಮಾಂಬಿ ಅಜ್ಜಿ ಮಲಗದ ಗಾದಿ

ಈ ಸಾಲುಗಳನ್ನು ಓದುವ ಸಹೋದರ ಸಹೋದರಿಯರಿಗೆಲ್ಲ ನನ್ನ ಸಲಾಮ್. ನನ್ನ ಹೆಂಡತಿ ಹುಸೇನಮ್ಮ ಸಾವಿನ ಬಾಗಿಲಿನವರೆಗೆ ಹೋಗಿ ತಿರುಗಿ ಬಂದ ಸಂಗತಿಯನ್ನು ಬರೆದಿಡು ಎಂದು ನಮ್ಮ ಮಸೀದಿಯ ಮುಲ್ಲಾ ಸಾಬರು ಹೇಳಿದರು. ಅಲ್ಲಾಹನ ಕೃಪೆಯನ್ನಷ್ಟೇ ಬರೆದು ನನ್ನ ಕೆಟ್ಟತನವನ್ನು ಮುಚ್ಚಿಟ್ಟರೆ ಅದು ಅರ್ಧ ಸುಳ್ಳಾಗುತ್ತದೆ. ಆದ್ದರಿಂದ ಎರಡನ್ನೂ ಬರೆಯುತ್ತೇನೆ.

ನಾನು ಶಿಕಾರಿಪುರದ ಪಿಂಜಾರ, ಹೆಸರು ದಾವಲಸಾಬ. ಹತ್ತಿ ಹಿಂಜಿ ಗಾದಿ ಹೊಲಿಯುವುದು ನಮ್ಮ ಕಸುಬು. ಇಪ್ಪತ್ತು ವರ್ಷ ಊರವರ ಹಳೆಯ ಗಾದಿಗಳನ್ನು ಬಿಚ್ಚಿದವನಿಗೆ ಯಾರ ಮೇಲೂ ನಂಬಿಕೆ ಉಳಿಯುವುದಿಲ್ಲ. ಮೇಲೆ ಹೂವಿನ ಚೀಟಿ ಬಟ್ಟೆ ಇರುತ್ತದೆ, ಒಳಗೆ ಚಿಂದಿ. ಬಹಳ ಠೀವಿಯ ಒಂದು ಮನೆಯ ಗಾದಿಯಲ್ಲಿ ಭತ್ತದ ಹೊಟ್ಟು ಸಿಕ್ಕಿತ್ತು. ಹೀಗಾಗಿ ಏನನ್ನು ಕಂಡರೂ ಇದರೊಳಗೆ ಏನು ತುಂಬಿದ್ದಾರೋ ಎಂಬ ಅನುಮಾನ ನನಗೆ ಅಂಟಿಕೊಂಡಿತ್ತು. ಯಾರಾದರೂ ನಕ್ಕು ಮಾತಾಡಿಸಿದರೆ ಇವನಿಗೆ ನನ್ನಿಂದ ಏನಾಗಬೇಕಾಗಿದೆ ಎಂದು ಮೊದಲು ಯೋಚಿಸುತ್ತಿದ್ದೆ. ಹುಸೇನಮ್ಮ ಮಾತ್ರ, "ನಿಮ್ಮನ್ನ ಹೂಳೋಕೆ ಬಂದವರ ಮೇಲೂ ಅನುಮಾನ ಪಡ್ತೀರಿ ನೀವು" ಎಂದು ನಗುತ್ತಿದ್ದಳು. ನಮಗೆ ಮಕ್ಕಳಿಲ್ಲ. ನನಗೆ ಅವಳು, ಅವಳಿಗೆ ನಾನು, ಅಷ್ಟೇ ಸಂಸಾರ.

ಆಣೆ ಹೋಗಿ ಹೊಸ ಪೈಸೆ ಬಂದ ಮರುವರ್ಷ, ರಜಬ್ ತಿಂಗಳಲ್ಲಿ ಅವಳಿಗೆ ಜ್ವರ ಬಂತು. ಸುಗ್ಗಿ ಮುಗಿದು ಮದುವೆಗಳು ಶುರುವಾಗುವ ಕಾಲ, ನನಗೆ ಕೈತುಂಬ ಕೆಲಸ. ಮೊದಲ ವಾರ ಕಷಾಯದಲ್ಲೇ ಕಳೆಯಿತು. ಎರಡನೆಯ ವಾರ ಅವಳಿಗೆ ತಲೆ ಎತ್ತಲಾಗದೆ ಹೋದಾಗ ಬಾಡಿಗೆ ಗಾಡಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ನಾಲಗೆ ನೋಡಿ, ಹೊಟ್ಟೆ ಒತ್ತಿ, "ಟೈಫಾಯಿಡ್, ಸಾಬ್ರೇ. ತಡ ಮಾಡಿಬಿಟ್ರಿ" ಎಂದರು. ಶಿವಮೊಗ್ಗದಿಂದ ತರಿಸಬೇಕಾದ ಕ್ಯಾಪ್ಸೂಲು ಬರೆದುಕೊಟ್ಟರು. ಜೊತೆಗೆ ಇನ್ನೊಂದು ಮಾತು ಹೇಳಿದರು: "ಆಕೆ ಮಲಗಿರೋ ಹಾಸಿಗೆ ಸುಟ್ಟುಬಿಡಿ. ತೊಳೆದ ಚಾಪೆ, ಒಗೆದ ಬಟ್ಟೆ ಹಾಕಿ. ಆ ಹಾಸಿಗೇಲಿ ಬೇರೆ ಯಾರೂ ಮಲಗಬಾರದು."

ಡಾಕ್ಟರ ಮೇಲೂ ನನಗೆ ಅನುಮಾನವೇ. ಕ್ಯಾಪ್ಸೂಲು ಬಂದ ದಿನ ಒಂದನ್ನು ಉಗುರಿನಿಂದ ಬಿಡಿಸಿ, ಒಳಗಿನ ಪುಡಿಯನ್ನು ನಾಲಗೆಗೆ ಹಚ್ಚಿಕೊಂಡೆ. ಆ ಕಹಿ ಸಂಜೆಯವರೆಗೂ ಹೋಗಲಿಲ್ಲ. ಹೆಂಡತಿಯ ಒಂದು ಹೊತ್ತಿನ ಔಷಧ ನನ್ನ ಅನುಮಾನಕ್ಕೆ ಹಾಳಾಯಿತು.

ಆ ಶುಕ್ರವಾರ ನಮಾಜಿನ ನಂತರ ಮುಲ್ಲಾ ಸಾಬರು ನನ್ನ ಹೆಗಲ ಮೇಲೆ ಕೈಯಿಟ್ಟರು. "ದಾವಲಸಾಬ, ಔಷಧ ನಿಲ್ಲಿಸಬ್ಯಾಡ. ಅದರ ಜೋಡಿ ಸದಕಾ ಕೊಡು. ಬ್ಯಾನಿ ಬಿದ್ದೋರಿಗೆ ದಾನದಿಂದ ಉಪಚಾರ ಮಾಡ್ರಿ ಅಂತ ನಮ್ಮ ಪೈಗಂಬರರು ಹೇಳ್ಯಾರ" ಎಂದರು.

ಮಸೀದಿಗೆ ಒಂದು ಕುರಿ ಕೇಳುವ ಉಪಾಯ ಇರಬೇಕು ಎಂದುಕೊಂಡು, "ಎಲ್ಲಿಗೆ ತಂದು ಕೊಡ್ಲಿ?" ಎಂದು ಕೊಂಕಾಗಿಯೇ ಕೇಳಿದೆ.

"ನನ್ನ ಹತ್ರ ತರಬ್ಯಾಡ. ಯಾರಿಗೆ ಏನು ಇಲ್ಲೋ ಅವರಿಗೆ ಅದನ್ನ ಕೊಡು. ಕೊಡೋಕ್ಕಿಂತ ಮೊದಲು ರೋಗಿ ಕೈ ಮುಟ್ಟಿಸು" ಎಂದು ಅವರು ತಮ್ಮ ಪಾಡಿಗೆ ಚಪ್ಪಲಿ ಮೆಟ್ಟಿ ಹೊರಟರು. ಅನುಮಾನಕ್ಕೆ ಜಾಗವೇ ಕೊಡಲಿಲ್ಲವೆಂದು ನನಗೆ ಅವರ ಮೇಲೆ ಸಿಟ್ಟು ಬಂತು.

ಹುಸೇನಮ್ಮನಿಗೆ ಹೇಳಿದಾಗ ಅವಳು ಕಣ್ಣು ಮುಚ್ಚಿಕೊಂಡೇ ಮಾತಾಡಿದಳು. "ನನ್ನ ತವರು ಸೊರಬದಲ್ಲಿ ಇಮಾಂಬಿ ಅಜ್ಜಿ ಇದಾಳಲ್ಲ, ಈ ವಯಸ್ಸಲ್ಲೂ ಚಾಪೆ ಮೇಲೇ ಮಲಗ್ತಾಳೆ. ಆಕೆಗೊಂದು ಗಾದಿ ಹೊಲಿದು ಕೊಡ್ರಿ. ಒಳ್ಳೆ ಹತ್ತಿ ಹಾಕಿ."

ಆ ಹೆಸರು ನನಗೆ ಹಿಡಿಸಲಿಲ್ಲ. ಇಮಾಂಬಿ ಯಾರೆಂದರೆ, ಸೊರಬದಲ್ಲಿ ನಮ್ಮವರ ಮನೆಗಳಲ್ಲಿ ಹೆಂಗಸರು ತೀರಿಕೊಂಡರೆ ಶವಕ್ಕೆ ಸ್ನಾನ ಮಾಡಿಸಿ ಕಫನ್ ಉಡಿಸುವ ಮುದುಕಿ. ಯಾರಾದರೂ ಸತ್ತರಷ್ಟೇ ಆಕೆಗೆ ಒಂದು ಸೀರೆ, ಒಂದು ಮೊರ ಅಕ್ಕಿ. ಇಂಥವಳು ನನ್ನ ಹೆಂಡತಿ ಬದುಕಲಿ ಎಂದು ದುವಾ ಮಾಡುತ್ತಾಳೆಯೇ? ಹೀಗೆ ಯೋಚಿಸಿದೆನಾದರೂ ಕಾಯಿಲೆಯವಳ ಮಾತು ತೆಗೆದುಹಾಕಲು ಆಗಲಿಲ್ಲ.

ಇನ್ನು ನಾನು ಮಾಡಿದ್ದನ್ನು ಬರೆಯಬೇಕು. ಹುಸೇನಮ್ಮನ ಕೆಳಗಿನಿಂದ ತೆಗೆದ ಗಾದಿ ಹಿತ್ತಿಲಲ್ಲಿ ಬಿದ್ದಿತ್ತು. ಅದರ ಬಟ್ಟೆಯನ್ನು ಸುಟ್ಟೆ. ಹತ್ತಿಯನ್ನು ಸುಡಲು ಕೈ ಬರಲಿಲ್ಲ. ಡಾಕ್ಟರು ಎಲ್ಲರಿಗೂ ಹೀಗೇ ಹೇಳುತ್ತಾರೆ, ಹತ್ತಿಗೇನು ಜ್ವರ ಬರುತ್ತದೆಯೇ ಎಂದುಕೊಂಡೆ. ಅದನ್ನು ಒಂದು ದಿನ ಬಿಸಿಲಿಗೆ ಹರಡಿದೆ, ಹಿತ್ತಿಲಲ್ಲೇ ಬಿಲ್ಲು ಹಿಡಿದು, ಅದರ ತಂತಿ ಮಿಡಿಯುತ್ತ ಹಿಂಜಿದೆ. ಹಿಂಜಿದರೆ ಹಳೆಯ ಹತ್ತಿಯೂ ಹೊಸದರ ಹಾಗೆ ಉಬ್ಬುತ್ತದೆ, ಇದು ನಮ್ಮ ಕಸುಬಿನವರಿಗೆಲ್ಲ ಗೊತ್ತಿರುವ ಕಳ್ಳತನ. ಅದನ್ನೇ ಹೊಸ ಚೀಟಿ ಬಟ್ಟೆಗೆ ತುಂಬಿ ಹೊಲಿದೆ. ಸದಕಾದ ಜೊತೆ ಕಾಯಿಲೆ ಹೋಗುತ್ತದೆ ಅನ್ನುತ್ತಾರಲ್ಲ, ಹೋಗುವುದಾದರೆ ಈ ಹತ್ತಿಯ ಜೊತೆಗೇ ಹೋಗಲಿ ಎಂದು ಮನಸ್ಸಿಗೆ ಸಮಾಧಾನವನ್ನೂ ಹೇಳಿಕೊಂಡೆ. ದಾನದ ಗಾದಿಯನ್ನು ಬಿಚ್ಚಿ ನೋಡುವವರು ಯಾರು?

ಹೊಲಿದ ಗಾದಿಯನ್ನು ಒಳಗೆ ತಂದು ಹುಸೇನಮ್ಮನ ಕೈಗೆ ತಾಗಿಸಿದೆ. ಅವಳು ಬಿಸ್ಮಿಲ್ಲಾ ಎಂದು ಅಂಗೈ ಆಡಿಸಿ, "ಚೆನ್ನಾಗಿ ಹಿಂಜಿದೀರಿ" ಎಂದಳು. ನಾನು ಗಾದಿಯನ್ನು ಸುರುಳಿ ಸುತ್ತಿ ಹಗ್ಗ ಕಟ್ಟಿ ಹೊರಗೆ ತಂದೆ.

ಪಕ್ಕದ ಮನೆಯ ಗಂಗಮ್ಮನನ್ನು ಅವಳ ಹತ್ತಿರ ಕೂರಿಸಿ, ಗಾದಿಯನ್ನು ಬಸ್ಸಿನ ಮೇಲೆ ಹಾಕಿಸಿ, ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋದೆ. ಇಮಾಂಬಿಗೆ ಹಲ್ಲಿರಲಿಲ್ಲ, ಬೆನ್ನು ಬಾಗಿತ್ತು. ಗಾದಿ ನೋಡಿ ಎರಡೂ ಕೈ ಗಲ್ಲಕ್ಕೆ ಹಚ್ಚಿಕೊಂಡಳು. ಹುಸೇನಮ್ಮನ ಸ್ಥಿತಿ ಕೇಳಿ ಕಣ್ಣೀರು ಹಾಕಿದಳು. ಎಷ್ಟು ಬೇಗ ಅಳು ಬಂತಲ್ಲ, ದಿನವೂ ಸಾವಿನ ಮನೆ ನೋಡುವವಳಿಗೆ ಅಳು ಅಭ್ಯಾಸವಾಗಿರಬೇಕು ಎಂದುಕೊಂಡು ಅದೇ ಬಸ್ಸು ಹಿಡಿದು ಮರಳಿದೆ.

ಮೂರು ದಿನ ಕಳೆಯಿತು. ಜ್ವರ ಇಳಿಯುವುದಿರಲಿ, ನಾಲ್ಕನೆಯ ದಿನ ಹುಸೇನಮ್ಮ ಬಡಬಡಿಸತೊಡಗಿದಳು. ಸತ್ತುಹೋದ ತನ್ನ ತಾಯಿಯನ್ನು ಕರೆದಳು. ನನ್ನ ಮುಖ ನೋಡಿ "ನೀವು ಯಾರು?" ಎಂದಳು. ಡಾಕ್ಟರು ಬಂದು ನೋಡಿ, "ಎರಡು ದಿನ ಕಾಯೋಣ. ಆಮೇಲೆ ನಮ್ಮ ಕೈಲಿಲ್ಲ" ಎಂದರು. ನಾನು ಗೋಡೆಗೆ ಹಣೆ ಚಚ್ಚಿಕೊಂಡು ಅತ್ತೆ. ಅಳುವಾಗಲೂ ನನ್ನ ಬುದ್ಧಿ ಬಿಡಲಿಲ್ಲ. ಸದಕಾ ಯಾಕೆ ಮುಟ್ಟಲಿಲ್ಲ? ಆ ಮುದುಕಿ ಗಾದಿಯನ್ನು ಮಾರಿಕೊಂಡಿರಬೇಕು, ಅದಕ್ಕೇ ದುವಾ ಇಲ್ಲ, ಗುಣವೂ ಇಲ್ಲ! ಮರುದಿನ ಬೆಳಗಿನ ಮೊದಲ ಬಸ್ಸಿಗೆ ಮತ್ತೆ ಸೊರಬಕ್ಕೆ ಹೊರಟೆ. ಸಾಯುತ್ತಿರುವ ಹೆಂಡತಿಯನ್ನು ಬಿಟ್ಟು ಗಾದಿಯ ತನಿಖೆಗೆ ಹೋದವನು ನಾನು.

ಇಮಾಂಬಿಯ ಬಾಗಿಲು ತೆರೆದೇ ಇತ್ತು. ಒಂದೇ ಕೋಣೆಯ ಮನೆ. ನೆಲದ ಮೇಲೆ ಅದೇ ಹರಿದ ಈಚಲ ಚಾಪೆ, ಅದರ ಮೇಲೆ ಮುದುಕಿ ಕುಳಿತು ತಸಬೀಹ್ ಮಣಿ ಎಣಿಸುತ್ತಿದ್ದಳು. ಗಾದಿ ಎಲ್ಲೂ ಇಲ್ಲ.

"ಎಲ್ಲಿ ಅಜ್ಜಿ, ನಾನು ಕೊಟ್ಟ ಗಾದಿ?" ಎಂದು ಹೊಸ್ತಿಲಲ್ಲೇ ನಿಂತು ಕೂಗಿದೆ. "ಯಾರಿಗೆ ಮಾರಿದಿ? ನನ್ನ ಹೇಣ್ತಿ ಅಲ್ಲಿ ಸಾಯಾಕ ಹತ್ಯಾಳ!"

ಆಕೆ ಬೆದರಲಿಲ್ಲ. ತಸಬೀಹ್ ಮಡಿಲಿಗೆ ಹಾಕಿ ಮೇಲಕ್ಕೆ ಬೆರಳು ತೋರಿಸಿದಳು. ಅಟ್ಟದ ಮೇಲೆ ಗಾದಿ ಸುರುಳಿಯಾಗಿಯೇ ಇತ್ತು. ನಾನು ಕಟ್ಟಿದ ಹಗ್ಗ, ನಾನು ಹಾಕಿದ ಗಂಟು, ಯಾವುದೂ ಬಿಚ್ಚಿರಲಿಲ್ಲ.

"ಯಾಕೆ ಮಲಗಲಿಲ್ಲ?" ಎಂದೆ.

"ಹೆಂಗೆ ಮಲಗಲಿ ಅಳಿಯ? ಆ ಮಗು ಅಲ್ಲಿ ಜ್ವರದಲ್ಲಿ ಒದ್ದಾಡ್ತಿರುವಾಗ ನಾನಿಲ್ಲಿ ಮೆತ್ತಗೆ ಮಲಗೋದಾ? ಆಕೆ ಎದ್ದು ಕೂತ ಸುದ್ದಿ ಬರ್ಲಿ, ಆಮೇಲೆ ಬಿಚ್ತೀನಿ ಅಂತ ಅಲ್ಲಾನ ಹತ್ರ ಹೇಳ್ಕಂಡಿದೀನಿ. ಈ ಕೈಯಲ್ಲಿ ಬಹಳ ಹೆಣ್ಮಕ್ಕಳನ್ನ ತೊಳೆದು ಕಳಿಸಿದೆ. ಹುಸೇನಿನ್ನ ತೊಳೆಯೋಕೆ ನನ್ನ ಕರೀಬೇಡ ಅಂತ ಐದು ಹೊತ್ತೂ ಅಳ್ತಿದೀನಿ" ಎಂದಳು.

ನಾಲ್ಕು ದಿನ ಆಕೆ ಆ ಗಾದಿಯ ಮೇಲೆ ಮಲಗಿದ್ದರೆ? ಗುಣವಾಗದ ರೋಗವನ್ನು ಹೊಸ ಬಟ್ಟೆಯಲ್ಲಿ ಸುತ್ತಿ ಈ ಬಡವಿಯ ಮನೆಗೆ ತಂದಿಟ್ಟವನು ನಾನು. ಎಲ್ಲರೊಳಗೂ ಹೊಟ್ಟು ಹುಡುಕಿದವನು, ನನ್ನೊಳಗೆ ಒಮ್ಮೆಯೂ ಕೈ ಹಾಕಿ ನೋಡಿರಲಿಲ್ಲ. ಹೊಸ್ತಿಲ ಮೇಲೆಯೇ ಕುಳಿತು ಎಲ್ಲವನ್ನೂ ಹೇಳಿಬಿಟ್ಟೆ.

ಮುದುಕಿ ಗೋಡೆ ಹಿಡಿದು ಮೇಲೆದ್ದಳು. ಆಮೇಲೆ, "ಮೊದ್ಲು ಅದನ್ನ ಇಳಿಸು" ಎಂದಳು. ಹಿತ್ತಿಲಾಚೆಯ ಬಯಲಿಗೆ ಒಯ್ದು ಬೆಂಕಿ ಹಚ್ಚಿದೆ. ಹತ್ತಿ ಭಗ್ಗನೆ ಉರಿಯಲಿಲ್ಲ, ಒಳಗೊಳಗೇ ಹೊಗೆಯಾಡುತ್ತ ಬಹಳ ಹೊತ್ತು ಸುಟ್ಟಿತು. ಆಕೆ ಹೊಗೆ ನೋಡುತ್ತ ನಿಂತಿದ್ದಳು. ಮನಸ್ಸಿನಲ್ಲೇ ಶಾಪ ಹಾಕುತ್ತಿರಬಹುದೇ ಎಂದು ಆಗಲೂ ನನಗೆ ಅನುಮಾನ!

"ಬೈದುಬಿಡು ಅಜ್ಜಿ" ಎಂದೆ.

"ಬೈಯೋಕೆ ಬಾಯಿ ತುಂಬ ಮಾತೈತೆ. ಈಗ ಬೈದ್ರೆ ದುವಾಕ್ಕೆ ಬಾಯಿ ಎಲ್ಲಿ ತರ್ಲಿ? ಹೋಗು, ಹೆಂಡ್ತಿ ಹತ್ರ ಇರು" ಎಂದಳು.

ಮನೆಗೆ ಬಂದಾಗ ಸಂಜೆಯ ಅಸರ್ ನಮಾಜಿನ ಹೊತ್ತಾಗಿತ್ತು. ಹುಸೇನಮ್ಮನಿಗೆ ಸ್ವಲ್ಪ ಎಚ್ಚರವಿತ್ತು. "ಅಜ್ಜಿ ಗಾದಿ ಮೇಲೆ ಮಲಗಿದ್ಳಾ?" ಎಂದು ಕೇಳಿದಳು. ಇನ್ನೊಂದು ಸುಳ್ಳು ನಾಲಗೆಯ ತುದಿಗೆ ಬಂದಿತ್ತು, ನುಂಗಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಆ ಹೊತ್ತು ನಾನು ಪಟ್ಟ ಸಂಕಟ ನನ್ನ ಶತ್ರುವಿಗೂ ಬೇಡ. ಇವಳು ಹೀಗೇ ಮುಖ ತಿರುಗಿಸಿಕೊಂಡು ಹೋಗಿಬಿಟ್ಟರೆ ನಾನು ಉಳಿದು ಏನು ಮಾಡಲಿ?

ಬಹಳ ಹೊತ್ತಿನ ಮೇಲೆ ಗೋಡೆಗೆ ಹೇಳುವವಳ ಹಾಗೆ ಹೇಳಿದಳು: "ನನ್ನ ತವರಿನ ಗಾದಿ ಬಿಚ್ರಿ."

ಅದು ಮದುವೆಯಲ್ಲಿ ಅವಳ ತಂದೆ ತಾವೇ ಹಿಂಜಿ ಕೊಟ್ಟ ಗಾದಿ. ಅವರೂ ಪಿಂಜಾರರೇ. ಅಂಥ ಬೆಳ್ಳನೆಯ ಹತ್ತಿ ಆಮೇಲೆ ನಾನು ಕಂಡಿಲ್ಲ. ತಂದೆ ತೀರಿಕೊಂಡ ಮೇಲೆ ಅವಳು ಅದನ್ನು ಯಾರಿಗೂ ಹಾಸದೆ ಪೆಟ್ಟಿಗೆಯ ಮೇಲೆ ಮಡಿಸಿಟ್ಟಿದ್ದಳು. ನಾನು ಒಮ್ಮೆ ಅದರ ಮೇಲೆ ಕುಳಿತಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದಳು.

ಬೆಳಿಗ್ಗೆ ಕೈಕಾಲು ಮುಖ ತೊಳೆದು ವಜೂ ಮಾಡಿ, ಪಡಸಾಲೆಯಲ್ಲಿ ಬಿಲ್ಲು ಕಟ್ಟಿ ಕೂತೆ. ಅವಳ ತವರಿನ ಹತ್ತಿಯನ್ನು ಹಿಡಿ ಹಿಡಿಯಾಗಿ ಹಿಂಜಿದೆ. ಬೇರೆ ಹತ್ತಿಯ ಒಂದು ಎಳೆಯನ್ನೂ ಬೆರೆಸಲಿಲ್ಲ. ಬಿಲ್ಲಿನ ದನಿ ಇಷ್ಟು ದಿನ ಮನೆಯೊಳಗೆ ನಿಂತುಹೋಗಿತ್ತು. ಮಧ್ಯಾಹ್ನದ ನಮಾಜಿಗೆ ಎದ್ದಾಗ ಗಂಗಮ್ಮ ಒಳಗಿನಿಂದ ಓಡಿ ಬಂದಳು. "ಸಾಬ್ರ, ಲಗೂನ ಬರ್ರಿ!" ಒಳಗೆ ಹೋಗಿ ನೋಡಿದರೆ ಹುಸೇನಮ್ಮನ ಹಣೆ, ಕುತ್ತಿಗೆ, ರವಿಕೆ ಎಲ್ಲ ಬೆವರಿನಿಂದ ತೊಯ್ದಿತ್ತು. ಮೈ ತಣ್ಣಗಿತ್ತು. ನಾನು ಮೂಗಿನ ಹತ್ತಿರ ಬೆರಳು ಹಿಡಿದೆ. ಅವಳು ಕಣ್ಣು ಬಿಟ್ಟು, "ಯಾಕೆ ನಿಲ್ಲಿಸಿದ್ರಿ? ಬಿಲ್ಲಿನ ಸದ್ದಿಗೆ ನಿದ್ದೆ ಬಂದಿತ್ತು" ಎಂದಳು. ಅಲ್ಲಿಯೇ ನೆಲಕ್ಕೆ ಹಣೆ ಹಚ್ಚಿದೆ.

ಜ್ವರ ಮರುಕಳಿಸಲಿಲ್ಲ. ಡಾಕ್ಟರು ಬಹಳ ಸಂತೋಷಪಟ್ಟು, "ಕ್ಯಾಪ್ಸೂಲು ಹಿಡೀತು" ಎಂದರು. ಹೌದು, ಹಿಡಿದಿರಬೇಕು, ನಾನು ಅಲ್ಲಗಳೆಯುವುದಿಲ್ಲ. ಆದರೆ ಮುಲ್ಲಾ ಸಾಬರ ಮುಂದೆ ಈ ಮಾತು ಎತ್ತಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಹುಸೇನಮ್ಮನ್ನ ಕ್ಯಾಪ್ಸೂಲು ಉಳಿಸ್ತು ಅಂತ ಇಟ್ಕೋ. ಇಮಾಂಬಿನ್ನ ಯಾವ ಕ್ಯಾಪ್ಸೂಲು ಉಳಿಸ್ತು?" ನಾನು ಬೇಡಿದ್ದಕ್ಕೆ ಅಲ್ಲಾಹನು ಆಮೇಲೆ ಓಗೊಟ್ಟ. ಬೇಡಲು ನನಗೆ ಬುದ್ಧಿಯೇ ಬಾರದ ಅಜ್ಜಿಯ ಜೀವವನ್ನು ಅದಕ್ಕೂ ಮೊದಲೇ ಕಾಪಾಡಿದ್ದ. ನಿಮ್ಮ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಿದ್ದರೆ ಔಷಧ ಕೊಡಿಸಿ, ಸದಕಾವನ್ನೂ ಕೊಡಿ. ತೆಗೆದುಕೊಳ್ಳುವವರು ಎಂಥವರೆಂದು ನನ್ನಂತೆ ತನಿಖೆ ಮಾಡಲು ಹೋಗಬೇಡಿ, ಕೊಡುವುದು ಎಂಥದೆಂದು ನೋಡಿಕೊಳ್ಳಿ.

ರಂಜಾನ್ ಮುಗಿದು ಈದ್ ಆದ ಮೇಲೆ ಹುಸೇನಮ್ಮ ತಾನೇ ಬರುತ್ತೇನೆಂದು ಹಟ ಹಿಡಿದಳು. ಇಬ್ಬರೂ ಗಾದಿಯ ಜೊತೆ ಸೊರಬದ ಬಸ್ಸು ಹತ್ತಿದೆವು. ಇಮಾಂಬಿ ಅವಳನ್ನು ಬಾಗಿಲಲ್ಲೇ ತಬ್ಬಿಕೊಂಡು ತಲೆ, ಕೆನ್ನೆ, ತೋಳು ಎಲ್ಲ ಸವರಿ ನೋಡಿದಳು. ಗಾದಿಯ ಒಂದು ಮೂಲೆಯಲ್ಲಿ ಗೇಣಗಲ ಹೊಲಿಯದೆ ಬಿಟ್ಟಿದ್ದೆ. ದಬ್ಬಣವನ್ನು ಆಕೆಯ ಮುಂದಿಟ್ಟು, "ಅಜ್ಜಿ, ಕೈ ಹಾಕಿ ಒಳಗಿನ ಹತ್ತಿ ನೋಡು. ನೋಡಿದ ಮೇಲೆ ಹೊಲಿತೀನಿ" ಎಂದೆ.

ತೆರೆದಿದ್ದ ಆ ಮೂಲೆಯನ್ನು ಆಕೆ ತನ್ನ ಎರಡೂ ಕೈಗಳಿಂದ ಒತ್ತಿ ಮುಚ್ಚಿ ಹಿಡಿದಳು. ದಬ್ಬಣವನ್ನು ನನ್ನ ಕಡೆ ತಳ್ಳಿದಳು.

"ನಾನು ನೋಡಲ್ಲ ಅಳಿಯ. ಹೊಲಿ" ಎಂದಳು.

ಕಣ್ಣು ಮಂಜಾಗಿ ದಾರ ಕಾಣುತ್ತಿರಲಿಲ್ಲ. ಹುಸೇನಮ್ಮ ಪೋಣಿಸಿ ಕೊಟ್ಟಳು, ನಾನು ಹೊಲಿದೆ.