ನಾನು ಕೆಟ್ಟಿದೆ ಎಂದ ರ‍್ಯಾಂಪು

ನನಗೆ ಮೂಗಿನ ತುದಿಯಲ್ಲೇ ಕೋಪ. ಇಪ್ಪತ್ತೆರಡು ವರ್ಷ ಬೆಂಗಳೂರಿನಲ್ಲಿ ಸಿಟಿ ಬಸ್ಸು ಓಡಿಸಿದವನಿಗೆ ಅದಿಲ್ಲದಿದ್ದರೇ ಆಶ್ಚರ್ಯ. ಅಡ್ಡ ನುಗ್ಗಿದ ಆಟೋದವರನ್ನು, ಬಸ್‌ ಸ್ಟಾಪಿನಲ್ಲೇ ಬೈಕು ನಿಲ್ಲಿಸಿ ಫೋನಿನಲ್ಲಿ ಮಾತಾಡುವವರನ್ನು, ಚಲಿಸುವ ಬಸ್ಸಿನ ಬಾಗಿಲು ಬಡಿಯುವವರನ್ನು ಬಾಯಿಗೆ ಬಂದಂತೆ ಬೈದಿದ್ದೇನೆ. ಅದಕ್ಕೆಲ್ಲ ನನಗೆ ಒಂದು ದಿನವೂ ನಾಚಿಕೆಯಾಗಿಲ್ಲ. ನಾಚಿಕೆಯಾಗುವುದು ಒಂದೇ ಒಂದು ಮಾತಿಗೆ. ಅದನ್ನು ನಾನು ಬಹಳ ಮರ್ಯಾದೆಯಿಂದ, ಎರಡೂ ಕೈ ಜೋಡಿಸಿ ಹೇಳಿದ್ದೆ.

ನಾನು ಅರೆಕೆರೆಯವನು. ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಮ್ಮ ಬಾಡಿಗೆ ಮನೆಗಳಿವೆ. ಬಾಡಿಗೆ ಬರುತ್ತದಲ್ಲ, ಇನ್ನೂ ಯಾಕೆ ಡ್ರೈವರ್ ಕೆಲಸ ಎಂದು ನೆಂಟರು ಕೇಳುತ್ತಾರೆ. ಮನೆಯಲ್ಲಿ ಕೂತರೆ ಯಾರನ್ನು ಬೈಯಲಿ? ಹಾಗಾಗಿ ಬೆಳಗಿನ ಜಾವ ಎದ್ದು ಡಿಪೋಗೆ ಹೋಗುತ್ತೇನೆ. ಬನಶಂಕರಿಯಿಂದ ಹೊರಟು, ರಿಂಗ್ ರೋಡು ಹಿಡಿದು, ಜೆ.ಪಿ. ನಗರ, ಬಿಟಿಎಂ ಲೇಔಟ್ ದಾಟಿ ಸಿಲ್ಕ್ ಬೋರ್ಡ್ ತನಕ ಹೋಗಿ ವಾಪಸು ಬರುವುದು ನನ್ನ ದಿನದ ಓಟ.

ಆ ವರ್ಷ ನನಗೆ ನೆಲ ತಗ್ಗಾಗಿರುವ ಹೊಸ ಬಸ್ಸು ಕೊಟ್ಟಿದ್ದರು. ಹತ್ತಲು ಮೆಟ್ಟಿಲಿಲ್ಲ. ಮಧ್ಯದ ಬಾಗಿಲಿನ ನೆಲದಲ್ಲಿ ಒಂದು ಅಗಲವಾದ ಹಲಗೆ ಮಡಚಿಕೊಂಡು ಕೂತಿರುತ್ತದೆ. ಅದರ ಹಿಡಿ ಎತ್ತಿ ಹೊರಕ್ಕೆ ಮಗುಚಿದರೆ ಫುಟ್‌ಪಾತಿನ ಮೇಲೆ ಒರಗಿ ಇಳಿಜಾರಾಗುತ್ತದೆ. ಗಾಲಿಕುರ್ಚಿಯವರು ಅದರ ಮೇಲೆ ಸಲೀಸಾಗಿ ಒಳಗೆ ಬರಬಹುದು. ಅದೇ ರ‍್ಯಾಂಪು. ಡ್ರೈವರು ಬಸ್ಸನ್ನು ಫುಟ್‌ಪಾತಿಗೆ ಒತ್ತಿ ನಿಲ್ಲಿಸಿ, ಇಳಿದು ಬಂದು ಅದನ್ನು ಹಾಕಬೇಕು, ಕುರ್ಚಿಗೆ ಬೆಲ್ಟು ಕಟ್ಟಬೇಕು ಎಂದು ತರಬೇತಿಯ ದಿನ ಡಿಪೋದಲ್ಲಿ ಖಾಲಿ ಕುರ್ಚಿ ತಂದು ತೋರಿಸಿದ್ದರು. ನನ್ನ ಸರದಿ ಬರುವಷ್ಟರಲ್ಲಿ ಟೀ ಬಂತು. ನಾನು ಟೀ ಕಡೆ ಹೋದೆ.

ಆಮೇಲೆ ಎಷ್ಟೋ ತಿಂಗಳು ಆ ಹಲಗೆಯ ನೆನಪೇ ಇರಲಿಲ್ಲ. ಜನ ಅದರ ಮೇಲೆ ಚೀಲ ಇಟ್ಟುಕೊಂಡು ನಿಲ್ಲುತ್ತಿದ್ದರು.

ಒಂದು ಬೆಳಿಗ್ಗೆ ಜೆ.ಪಿ. ನಗರದ ಸ್ಟಾಪಿನಲ್ಲಿ ಗಾಲಿಕುರ್ಚಿಯಲ್ಲಿ ಕೂತ ಹೆಣ್ಣುಮಗಳೊಬ್ಬಳು ಕೈ ಅಡ್ಡ ಹಿಡಿದಳು. ಮೂವತ್ತರ ಆಸುಪಾಸು. ತೊಡೆಯ ಮೇಲೆ ಊಟದ ಬ್ಯಾಗು, ಗಾಲಿಗೆ ಸಿಕ್ಕದಂತೆ ದುಪಟ್ಟಾವನ್ನು ಸೊಂಟಕ್ಕೆ ಬಿಗಿದಿದ್ದಳು. ಜೊತೆಗೆ ಯಾರೂ ಇಲ್ಲ. ನಾನು ಎಂದಿನಂತೆ ಫುಟ್‌ಪಾತಿನಿಂದ ಒಂದು ಆಟೋ ಹಿಡಿಸುವಷ್ಟು ದೂರದಲ್ಲಿ ನಿಲ್ಲಿಸಿದ್ದೆ. ಹತ್ತುವವರು ಹತ್ತಿದರು. ಆಕೆ ಮಧ್ಯದ ಬಾಗಿಲ ಕಡೆ ಕೈ ತೋರಿಸಿ ಕೂಗಿದಳು. "ಅಂಕಲ್, ರ‍್ಯಾಂಪ್ ಹಾಕ್ತೀರಾ?"

ಹಾಕುವುದು ಹೇಗೆಂದು ನನಗೆ ಸರಿಯಾಗಿ ಗೊತ್ತಿರಲಿಲ್ಲ. ತುಂಬಿದ ಬಸ್ಸಿನ ಮುಂದೆ ಹಿಡಿ ಹುಡುಕುತ್ತಾ ಬಗ್ಗಿ ನಿಂತರೆ ನಗೆಪಾಟಲಾಗುತ್ತೇನೆ ಎಂದು ಹೆದರಿದೆ. ಮುಂದಿನ ಸಿಗ್ನಲ್ ಬೇರೆ ಹಸಿರಾಗಿತ್ತು. ನಮ್ಮ ಡ್ರೈವರುಗಳ ಬಾಯಲ್ಲಿ ಸದಾ ಸಿದ್ಧವಾಗಿರುವ ಒಂದು ಮಾತಿದೆ. ಎ.ಸಿ. ಬರುತ್ತಿಲ್ಲ ಎಂದರೂ ಅದೇ, ಕಿಟಕಿ ಅಲ್ಲಾಡುತ್ತಿದೆ ಎಂದರೂ ಅದೇ, ಬೋರ್ಡಿನ ದೀಪ ಹತ್ತಿಲ್ಲ ಎಂದರೂ ಅದೇ. ನಾನು ಸೀಟಿನಲ್ಲೇ ಮುಂಬಾಗಿಲ ಕಡೆ ತಿರುಗಿ, ಕೈ ಮುಗಿದು ಅದನ್ನೇ ಹೇಳಿದೆ.

"ಕೆಟ್ಟೋಗಿದೆ ಮೇಡಂ. ಕಂಪ್ಲೇಂಟ್ ಕೊಟ್ಟಿದೀವಿ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನ್ನದೂ ಅದೇ ಕತೆ.

"ಯಾವತ್ತು ಸರಿ ಹೋಗುತ್ತೆ ಅಂಕಲ್? ಎಂಟೂ ಕಾಲಿಗೆ ಇರೋದು ಇದೊಂದೇ ಲೋ ಫ್ಲೋರ್ ಬಸ್ಸು. ಬೇರೆದೆಲ್ಲ ಮೆಟ್ಲು. ಬಿಟಿಎಮ್ಮಲ್ಲಿ ಕಣ್ಣಿನ ಆಸ್ಪತ್ರೆ ರಿಸೆಪ್ಶನ್ನಲ್ಲಿ ಕೆಲಸ ಸಿಕ್ಕಿದೆ. ಒಂಬತ್ತಕ್ಕೆ ಅಲ್ಲಿರ್ಬೇಕು."

"ಸೋಮವಾರ ಆಗೋಗುತ್ತೆ ಮೇಡಂ" ಎಂದೆ. ಬಾಯಿಗೆ ಬಂದ ವಾರ ಅದು. ಆಕೆ "ಥ್ಯಾಂಕ್ಸ್ ಅಂಕಲ್" ಎಂದು ಕುರ್ಚಿಯನ್ನು ಹಿಂದಕ್ಕೆ ತಳ್ಳಿಕೊಂಡಳು. ಕಂಡಕ್ಟರು ರೈಟ್ ಹೇಳಲಿಲ್ಲ. ನಾನೇ ಬಾಗಿಲು ಮುಚ್ಚಿ ಹೊರಟೆ.

ನನ್ನ ಕಂಡಕ್ಟರ್ ನಲವತ್ತೈದು ದಾಟಿದ ಹೆಂಗಸು, ಮಾತು ಕಡಿಮೆ. ಸಿಲ್ಕ್ ಬೋರ್ಡಿನಲ್ಲಿ ಬಸ್ಸು ಖಾಲಿಯಾದ ಮೇಲೆ ನನ್ನ ಹತ್ತಿರ ಬಂದು "ಅಣ್ಣ, ಒಂದ್ಸಲ ಎತ್ತಿ ನೋಡೋಣ್ವಾ? ಕೆಟ್ಟಿರೋ ಹಂಗೆ ಕಾಣಲ್ಲ" ಎಂದರು.

"ನಿಮ್ ಕೆಲಸ ಟಿಕೆಟ್ಟು. ಗಾಡಿ ವಿಷ್ಯ ನನಗೆ ಬಿಡಿ" ಎಂದು ಗದರಿಬಿಟ್ಟೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ.

ಅವತ್ತೇ ಡಿಪೋದಲ್ಲಿ ಹತ್ತು ನಿಮಿಷ ನಿಂತು ಕಲಿತುಕೊಂಡಿದ್ದರೆ ಈ ಕತೆ ಇರುತ್ತಿರಲಿಲ್ಲ. ಕಲಿಯಲಿಲ್ಲ. ಸೋಮವಾರ ಆಕೆ ಬಂದಳು. ದೂರದಿಂದಲೇ ಕಂಡು ನನ್ನ ಕಾಲು ಬ್ರೇಕಿನ ಮೇಲೆ ತಡವರಿಸಿತು. ನಿಲ್ಲಿಸದೆ ಹೋಗಬಹುದಿತ್ತು, ಎಷ್ಟೋ ಜನ ಹಾಗೇ ಹೋಗುತ್ತಾರೆ. ನಾನು ನಿಲ್ಲಿಸಿದೆ. ನಿಲ್ಲಿಸುತ್ತೇನೆ ಎಂಬುದೇ ನನ್ನ ದೊಡ್ಡಸ್ತಿಕೆಯಾಗಿತ್ತು. ಮತ್ತೆ ಕೈ ಮುಗಿದೆ. "ಪಾರ್ಟ್ ಬಂದಿಲ್ಲ ಮೇಡಂ." ಬುಧವಾರವೂ ಪಾರ್ಟ್ ಬರಲಿಲ್ಲ. ಶುಕ್ರವಾರ ಮೆಕ್ಯಾನಿಕ್ ರಜೆ ಹಾಕಿದ. ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ನನ್ನ ಸುಳ್ಳು ದಿನಾ ಎಂಟೂ ಕಾಲಿಗೆ ಸರಿಯಾಗಿ ಜೆ.ಪಿ. ನಗರಕ್ಕೆ ತಲುಪುತ್ತಿತ್ತು. ಆಕೆ ಮಾತ್ರ ಒಂದು ದಿನವೂ ದನಿ ಏರಿಸಲಿಲ್ಲ. "ಪರವಾಗಿಲ್ಲ ಅಂಕಲ್, ನೀವೇನ್ ಮಾಡ್ತೀರಾ" ಎನ್ನುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ನನಗೆ ನನ್ನ ಮೇಲೆಯೇ ಕನಿಕರ ಹುಟ್ಟುತ್ತಿತ್ತು. ಈಗ ನೆನೆದರೆ ಮೈಯೆಲ್ಲ ಉರಿಯುತ್ತದೆ.

ಎರಡು ವಾರ ಕಳೆದಿರಬೇಕು. ಆಕೆ ಸ್ಟಾಪಿಗೆ ಬರುವುದು ನಿಂತಿತು. ಪೀಡೆ ಕಳೆಯಿತು ಎಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ. ಬರೆಯುವಾಗ ಬದಲಾಯಿಸಿ ಬರೆಯಬಾರದು.

ಅದಾದ ನಾಲ್ಕೈದು ದಿನಕ್ಕೆ ಡ್ಯೂಟಿ ಮುಗಿಸಿ ಬಂದವನಿಗೆ ಡಿಪೋ ಮ್ಯಾನೇಜರ್ ಕರೆಯುತ್ತಿದ್ದಾರೆ ಎಂದು ಹೇಳಿಕಳಿಸಿದರು. ಹೋದೆ. ಮೇಜಿನ ಮೇಲೆ ಒಂದು ಪತ್ರ ಇತ್ತು. ಗಾಲಿಕುರ್ಚಿ ಎಂಬ ಪದ ದೂರದಿಂದಲೇ ಕಣ್ಣಿಗೆ ಬಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ನಾನು ಅವರು ಕೇಳುವ ಮೊದಲೇ ಬೆವರು ಒರೆಸಿಕೊಂಡೆ. ಇವತ್ತು ಮೆಮೊ ಗ್ಯಾರಂಟಿ ಎನ್ನಿಸಿತು. ಮ್ಯಾನೇಜರು ಪತ್ರ ತೆಗೆದುಕೊಂಡು ಗಟ್ಟಿಯಾಗಿ ಓದಿದರು.

ಅದು ದೂರಾಗಿರಲಿಲ್ಲ. ಈ ಬಸ್ಸಿನ ಚಾಲಕರು ಬಹಳ ಒಳ್ಳೆಯವರು, ಬೇರೆಯವರು ಗಾಲಿಕುರ್ಚಿ ಕಂಡರೆ ನಿಲ್ಲಿಸದೆ ಹೋಗುತ್ತಾರೆ, ಇವರು ದಿನವೂ ನಿಲ್ಲಿಸಿ ಕೈ ಮುಗಿದು ಕ್ಷಮೆ ಕೇಳುತ್ತಾರೆ, ರ‍್ಯಾಂಪು ಕೆಟ್ಟಿರುವುದು ಅವರ ತಪ್ಪಲ್ಲ, ಇಷ್ಟು ಒಳ್ಳೆಯ ಚಾಲಕರಿಗೆ ಸರಿಯಿರುವ ಗಾಡಿ ಕೊಡಬೇಕು, ದಯವಿಟ್ಟು ಬೇಗ ರಿಪೇರಿ ಮಾಡಿಸಿ ಎಂದು ಬರೆದಿದ್ದಳು. ಬರವಣಿಗೆ ಮುತ್ತು ಪೋಣಿಸಿದ ಹಾಗಿತ್ತು.

"ಇಂಥ ಲೆಟರ್ ನಮ್ಮ ಡಿಪೋಗೆ ಬರೋದು ಅಪರೂಪ ಕಣ್ರೀ" ಎಂದು ಮ್ಯಾನೇಜರು ನಕ್ಕರು. ಆಮೇಲೆ ಏನೋ ನೆನಪಾಗಿ, "ಅಲ್ಲ, ರ‍್ಯಾಂಪ್ ಕೆಟ್ಟಿದ್ರೆ ಡಿಫೆಕ್ಟ್ ಬುಕ್ಕಲ್ಲಿ ಯಾಕೆ ಬರ್ದಿಲ್ಲ?" ಎಂದರು.

ಗಾಡಿಯಲ್ಲಿ ಏನು ಕೆಟ್ಟರೂ ಡ್ಯೂಟಿ ಮುಗಿದ ಮೇಲೆ ಡ್ರೈವರು ಆ ಪುಸ್ತಕದಲ್ಲಿ ಬರೆಯಲೇಬೇಕು. ನಾನು ಬರೆಯುವುದೇನು, ಕೆಟ್ಟಿದ್ದರೆ ತಾನೆ? ನಿಜ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ನಾನು ಹೇಳಿದ್ದು ಬೇರೆ.

"ಬಾಯಲ್ಲಿ ಹೇಳಿದ್ದೆ ಸಾರ್, ಮೆಕ್ಯಾನಿಕ್‌ಗೆ."

ಮೆಕ್ಯಾನಿಕ್ಕನ್ನು ಕರೆಸಿದರು. ನಿವೃತ್ತಿಗೆ ಒಂದೇ ವರ್ಷ ಉಳಿದಿದ್ದ ಮನುಷ್ಯ. ನನ್ನೆದುರಿಗೇ ಅವರಿಗೆ ಬೈಗುಳ ಬಿತ್ತು. ಅವರು ಒಮ್ಮೆ ನನ್ನ ಮುಖ ನೋಡಿದರು, ಆಮೇಲೆ "ನೋಡ್ತೀನಿ ಸಾರ್" ಎಂದಷ್ಟೇ ಹೇಳಿ ಹೊರಟರು. ನಾನು ಹಿಂದೆ ಹೋದೆ. ಅವರು ಬಸ್ಸಿನ ಮಧ್ಯದ ಬಾಗಿಲ ಹತ್ತಿರ ಬಗ್ಗಿ ಒಂದೇ ಕೈಯಲ್ಲಿ ಹಿಡಿ ಎತ್ತಿ ರ‍್ಯಾಂಪು ಮಗುಚಿದರು. ದೋಸೆ ತಿರುವಿ ಹಾಕಿದಷ್ಟು ಸುಲಭ. ಮತ್ತೆ ಮಡಚಿದರು, ಮತ್ತೆ ಹಾಕಿದರು. ಆಮೇಲೆ ಪುಸ್ತಕ ತರಿಸಿ, ಕೀಲು ಬಿಗಿಯಾಗಿತ್ತು, ಗ್ರೀಸ್ ಹಾಕಿದೆ ಎಂದು ತಾವೇ ಬರೆದು ಸಹಿ ಮಾಡಿದರು.

"ಅಣ್ಣ..." ಎಂದೆ.

"ಏನೂ ಹೇಳ್ಬೇಡಪ್ಪ. ಬಾ, ಹಿಡ್ಕೊ. ಕಲ್ತ್ಕೊ" ಎಂದರು. ಅರ್ಧ ಗಂಟೆ ಕಲಿಸಿದರು. ಕೊನೆಗೆ ನನಗೂ ಒಂದೇ ಕೈಯಲ್ಲಿ ಬಂತು. ಅವರು ಕೈ ಒರೆಸಿಕೊಂಡು ಊಟಕ್ಕೆ ಹೋದರು.

ಮಾರನೆಯ ದಿನ ಡಿಪೋಗೆ ಬಂದರೆ ಡ್ಯೂಟಿ ಚಾರ್ಟಿನ ಪಕ್ಕದಲ್ಲೇ ಆ ಪತ್ರ ಅಂಟಿಸಿದ್ದರು. ಬೆಳಿಗ್ಗೆ ಪ್ರತಿಯೊಬ್ಬ ಡ್ರೈವರು, ಕಂಡಕ್ಟರು ನೋಡುವ ಜಾಗ ಅದು. "ಏನ್ ಗುರು, ಹಾರ ತರಿಸ್ಬೇಕಾ?" ಎಂದು ಗೆಳೆಯರು ಕಾಲೆಳೆದರು. ಮೆಕ್ಯಾನಿಕ್ಕು ಅತ್ತಲಿಂದ ಹಾದುಹೋದರು, ತಿರುಗಿ ನೋಡಲಿಲ್ಲ. ನನ್ನ ಕಂಡಕ್ಟರು ಪತ್ರದ ಮುಂದೆ ನಿಂತು ಕೊನೆಯ ಸಾಲಿನವರೆಗೂ ಓದಿದರು. ಓದಿ, ಟಿಕೆಟ್ ಮಿಷನ್ ಹೆಗಲಿಗೆ ಹಾಕಿಕೊಂಡು ಹೋಗಿ ಬಸ್ಸಿನಲ್ಲಿ ಕೂತರು. ಆ ದಿನ ಅವರು ನನಗೆ ಒಂದು ಮಾತಾದರೂ ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಅಂದಿನಿಂದ ಜೆ.ಪಿ. ನಗರದ ಸ್ಟಾಪಿನಲ್ಲಿ ಬಸ್ಸನ್ನು ಫುಟ್‌ಪಾತಿಗೆ ಒತ್ತಿಯೇ ನಿಲ್ಲಿಸತೊಡಗಿದೆ. ಅಡ್ಡ ನಿಂತ ಆಟೋಗಳಿಗೆ ಹಾರ್ನ್ ಹೊಡೆದು ಜಾಗ ಬಿಡಿಸುತ್ತಿದ್ದೆ. ಆಕೆ ಬರಲಿಲ್ಲ. ಒಂದು ವಾರ, ಎರಡು ವಾರ. ನನ್ನ ಕಣ್ಣು ಬಸ್ಸಿಗೆ ಕಾಯುವವರ ಸಾಲಿನಲ್ಲಿ ಗಾಲಿ ಹುಡುಕುತ್ತಿತ್ತು.

ಮೂರನೆಯ ವಾರ ಬಂದಳು. ಅದೇ ಜಾಗದಲ್ಲಿ, ಅದೇ ರೀತಿ ಕೈ ಅಡ್ಡ ಹಿಡಿದು. ನಾನು ಇಳಿದು ಓಡಿದೆ. ಹಿಡಿ ಎತ್ತಿದೆ, ಮಗುಚಿದೆ, ಕುರ್ಚಿಯನ್ನು ಒಳಗೆ ತಳ್ಳಿದೆ. ಸಿಗ್ನಲ್ ಒಮ್ಮೆ ಕೆಂಪಾಗಿ ಹಸಿರಾಗುವಷ್ಟು ಹೊತ್ತೂ ಆಗಲಿಲ್ಲ. ಇಷ್ಟಕ್ಕೆ ನಾನು ಆಕೆಯನ್ನು ಎರಡು ವಾರ ಬೀದಿಯಲ್ಲಿ ಕೂರಿಸಿದ್ದೆ. ಒಳಗಿದ್ದ ಹೆಂಗಸರು ಜಾಗ ಬಿಟ್ಟರು. ಕಂಡಕ್ಟರು ಬಂದು ಹೆಂಗಸರಿಗೆ ಕೊಡುವ ಉಚಿತದ ಸೊನ್ನೆ ಟಿಕೆಟ್ ಕೊಟ್ಟು ಆಕೆಯ ಭುಜ ಮುಟ್ಟಿದರು.

ನಾನು ಮಂಡಿಯೂರಿ ಬೆಲ್ಟು ಕಟ್ಟುತ್ತಾ, "ಆಸ್ಪತ್ರೆಗೆ ತಾನೆ ಮೇಡಂ? ಒಂಬತ್ತಕ್ಕೆ ಮುಂಚೆ ಬಿಡ್ತೀನಿ" ಎಂದೆ.

"ಇಲ್ಲ ಅಂಕಲ್. ಆ ಕೆಲಸ ಹೋಯ್ತು. ಕುರ್ಚಿ ಹಿಡಿಸೋ ಆಟೋ ಸಿಗೋಷ್ಟರಲ್ಲಿ ದಿನಾ ಲೇಟಾಗ್ತಿತ್ತಲ್ಲ, ಬೇರೆಯವರನ್ನ ತಗೊಂಡ್ರು. ಇವತ್ತು ಬಿಟಿಎಮ್ಮಲ್ಲೇ ಇನ್ನೊಂದು ಕಡೆ ಇಂಟರ್ವ್ಯೂ."

ಬೆಲ್ಟಿನ ಕೊಂಡಿ ಬಿಗಿದೆ. ಇನ್ನು ತಡೆಯಲಾಗಲಿಲ್ಲ. ತಲೆ ಎತ್ತದೆಯೇ ಹೇಳಿದೆ. "ಮೇಡಂ, ಇದು ಕೆಟ್ಟಿರ್ಲಿಲ್ಲ. ನಾನು ಸುಳ್ಳು ಹೇಳ್ದೆ."

"ಗೊತ್ತು ಅಂಕಲ್."

ತಲೆ ಎತ್ತಿದೆ. ಆಕೆಯ ಮುಖದಲ್ಲಿ ಸಿಟ್ಟಿರಲಿಲ್ಲ.

"ಎರಡನೇ ದಿನಾನೇ ಗೊತ್ತಾಯ್ತು. ನೀವು ಕೈ ಮುಗೀತಿದ್ರಿ, ಕಂಡಕ್ಟರ್ ಮೇಡಂ ಆ ಕಡೆ ಮುಖ ತಿರುಗಿಸ್ಕೊಂಡಿದ್ರು."

"ಮತ್ತೆ ಹಂಗೆಲ್ಲ ಹೊಗಳಿ ಬರ್ದಿದ್ರಲ್ಲ?"

"ಕಂಪ್ಲೇಂಟ್ ಬರೆದ್ರೆ ನಿಮಗೆ ಮೆಮೊ ಕೊಡ್ತಾರೆ. ಆಮೇಲೆ ನೀವು ನಿಲ್ಲಿಸೋದನ್ನೇ ಬಿಡ್ತೀರಾ. ಹಿಂದೆ ಇನ್ನೊಂದು ರೂಟಲ್ಲಿ ಹಂಗೇ ಆಯ್ತು. ಅದಕ್ಕೆ ಹೊಗಳಿ ಬರೆದೆ. ಹೊಗಳಿದ್ರೆ ಯಾರಾದ್ರೂ ಬಂದು ನೋಡ್ತಾರೆ."

ಹಿಂದಿನಿಂದ ಯಾರೋ "ಟೈಮ್ ಆಯ್ತು ಗುರು, ಹೊರಡಿ" ಎಂದು ಕೂಗಿದರು. ಹೋಗಿ ಸೀಟಿನಲ್ಲಿ ಕೂತೆ. ಬಿಟಿಎಂ ತನಕ ಅಡ್ಡ ಬಂದ ಯಾರನ್ನೂ ಬೈಯಲಿಲ್ಲ. ಬೈಯುವ ಯೋಗ್ಯತೆ ನನಗಿಲ್ಲ ಎನ್ನಿಸುತ್ತಿತ್ತು. ಒಳ್ಳೆಯವನು ಎನ್ನಿಸಿಕೊಂಡಿದ್ದೆನಲ್ಲ, ಅದು ಆಕೆ ನನ್ನಂಥವನನ್ನು ದಾಟಿ ಹತ್ತಲು ಹಾಕಿಕೊಂಡ ಹಲಗೆ ಅಷ್ಟೇ.

ಬಿಟಿಎಂ ಸ್ಟಾಪಿನಲ್ಲಿ ಮತ್ತೆ ರ‍್ಯಾಂಪು ಹಾಕಿ ಆಕೆಯನ್ನು ಇಳಿಸಿದೆ. ಕ್ಷಮಿಸಿ ಎನ್ನಬೇಕಿತ್ತು. ಆದರೆ ಕೈ ಮುಗಿಯಲು ಹೋದವನು ಹೆದರಿ ಕೈ ಇಳಿಸಿಬಿಟ್ಟೆ. ಆಕೆ ದುಪಟ್ಟಾ ಸರಿ ಮಾಡಿಕೊಂಡು ಕುರ್ಚಿ ತಿರುಗಿಸಿ ಕೇಳಿದಳು.

"ಈ ಕೆಲಸ ಸಿಕ್ಕಿದ್ರೆ ನಾಳಿದ್ದಿಂದ ದಿನಾ ಬರ್ಬೇಕು ಅಂಕಲ್. ಇನ್ನೊಂದು ಲೆಟರ್ ಬರೀಬೇಕಾ?"

ತಮಾಷೆ ಮಾಡುತ್ತಿದ್ದಾಳೋ ಎಂದು ಮುಖ ನೋಡಿದೆ. ಇಲ್ಲ, ನಿಜವಾಗಿಯೇ ಕೇಳುತ್ತಿದ್ದಳು. ಬೇಕು ಎಂದಿದ್ದರೆ ಅವತ್ತೇ ಕೂತು ಬರೆಯುತ್ತಿದ್ದಳು.